ಅರವತ್ತು ದಾಟಿದ ಅಮ್ಮನನ್ನು ವಾರಾಂತ್ಯಕ್ಕೆ ಬ್ಯಾಂಕಾಕ್‌ಗೆ ಕರೆದುಕೊಂಡು ಹೋಗಬಹುದಾ?

ಧಾರಾಳವಾಗಿ ಹೋಗಬಹುದು. ನಿಮ್ಮ ಪ್ರಶ್ನೆಯಲ್ಲಿ ಮೂರು ಅನುಮಾನಗಳಿವೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಸೋಮವಾರ ರಾತ್ರಿ ವಾಪಸ್ ಹೊರಡುವಷ್ಟರಲ್ಲಿ ಏನು ನೋಡೋಕಾಗುತ್ತೆ ಅನ್ನೋದು ಒಂದು. ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದ ಅಮ್ಮ ಅಲ್ಲಿ ಏನು ತಿಂತಾರೆ ಅನ್ನೋದು ಇನ್ನೊಂದು. "ಬ್ಯಾಂಕಾಕಾ? ಅಮ್ಮನ ಜೊತೇನಾ?" ಅಂತ ಸ್ನೇಹಿತರು ನಕ್ಕದ್ದು ಮೂರನೆಯದು. ಕೊನೆಯದನ್ನು ಮೊದಲು ಮುಗಿಸಿಬಿಡ್ತೀನಿ. ನಿಮ್ಮ ಸ್ನೇಹಿತರು ಯಾವ ಬೀದಿಗೆ ಹೋಗಿದ್ದರೋ ಅವರನ್ನೇ ಕೇಳಿ. ಪಟ್‌ಪಾಂಗ್, ನಾನಾ, ಸೋಯ್ ಕೌಬಾಯ್ ಅಂತ ರಾತ್ರಿಯ ಮೋಜಿಗೇ ಹೆಸರಾದ ಕೆಲವು ಗಲ್ಲಿಗಳಿವೆ. ಹೋಟೆಲ್ ಬುಕ್ ಮಾಡುವಾಗ ಅವುಗಳ ಮಗ್ಗುಲಲ್ಲಿ ಮಾಡದಿದ್ದರೆ ಆಯಿತು. ಉಳಿದ ಬ್ಯಾಂಕಾಕ್‌ನಲ್ಲಿ ಬೆಳಗ್ಗೆ ಆರಕ್ಕೆ ಭಿಕ್ಷುಗಳು ಬರಿಗಾಲಲ್ಲಿ ಭಿಕ್ಷೆಗೆ ಹೊರಡುತ್ತಾರೆ, ಅಜ್ಜಿಯರು ಮಂಡಿಯೂರಿ ಅನ್ನ ಹಾಕುತ್ತಾರೆ.

ನಾನು ಹೋಗಿದ್ದು ನಮ್ಮತ್ತೆ ಜೊತೆ. ನಮ್ಮ ಯಜಮಾನರಿಗೆ ಅಲ್ಲಿ ಆಫೀಸಿನ ಮೀಟಿಂಗ್ ಇತ್ತು, ಅವರು ಹಗಲೆಲ್ಲ ಹವಾನಿಯಂತ್ರಿತ ಕೋಣೆಯಲ್ಲಿ, ನಾವಿಬ್ಬರು ಬೀದಿಯಲ್ಲಿ. ಅತ್ತೆಗೆ ಮಂಡಿನೋವು, ಏಕಾದಶಿ ಉಪವಾಸ, ಪರಸ್ಥಳದ ನೀರಿನ ಬಗ್ಗೆ ಅನುಮಾನ, ಎಲ್ಲವೂ ಇದೆ. ಹಾಗಾಗಿ ನಿಮ್ಮ ಪರಿಸ್ಥಿತಿ ನನಗೆ ಚೆನ್ನಾಗಿ ಅರ್ಥವಾಗುತ್ತೆ.

ಇಷ್ಟು ಚಿಕ್ಕ ಪ್ರವಾಸ ಚೆನ್ನಾಗಿ ಆಗುತ್ತೋ ಕೆಡುತ್ತೋ ಅನ್ನೋದನ್ನು ನೀವು ಯಾವ ದೇವಸ್ಥಾನ ನೋಡ್ತೀರಿ ಅನ್ನೋದಕ್ಕಿಂತ ಹೇಗೆ ಓಡಾಡ್ತೀರಿ ಅನ್ನೋದೇ ತೀರ್ಮಾನಿಸುತ್ತೆ. ರಸ್ತೆಯನ್ನು ಆದಷ್ಟು ಬಿಟ್ಟುಬಿಡಿ. ಸಿಲ್ಕ್ ಬೋರ್ಡಿನಲ್ಲಿ ಪಟ್ಟ ಪಾಡನ್ನು ಪಾಸ್‌ಪೋರ್ಟ್ ಹಿಡಿದುಕೊಂಡು ಹೋಗಿ ಮತ್ತೆ ಪಡಬೇಕಾಗಿಲ್ಲ. ಆ ಊರು ಹುಟ್ಟಿದ್ದೇ ನೀರಿನ ಮೇಲೆ. 1767ರಲ್ಲಿ ಬರ್ಮಾದ ಸೈನ್ಯ ಹಳೆಯ ರಾಜಧಾನಿ ಅಯುತ್ಥಯವನ್ನು ಹಾಳುಗೆಡವಿತು. 1782ರಲ್ಲಿ ಒಂದನೆಯ ರಾಮ ರಾಜ ಚಾವೊ ಫ್ರಾಯ ನದಿಯ ಪೂರ್ವದ ದಡದಲ್ಲಿ ಈಗಿನ ರಾಜಧಾನಿ ಕಟ್ಟಿಸಿದ. ಜನ ಓಡಾಡುತ್ತಿದ್ದದ್ದೆಲ್ಲ ಕಾಲುವೆಗಳಲ್ಲಿ. ಕುದುರೆಗಾಡಿ ಓಡಿಸೋಕೆ ಜಾಗವಿಲ್ಲ ಅಂತ ಯುರೋಪಿನ ಕಾನ್ಸಲ್‌ಗಳು ದೊರೆಗೆ ಅರ್ಜಿ ಹಾಕಿದ ಮೇಲೆ, 1860ರ ದಶಕದಲ್ಲಿ, ಚರೋನ್ ಕ್ರುಂಗ್ ಅನ್ನುವ ರಸ್ತೆ ಆಯಿತು. ಆಮೇಲೆ ಕಾಲುವೆಗಳನ್ನು ಒಂದೊಂದಾಗಿ ಮುಚ್ಚಿ ರಸ್ತೆ ಮಾಡುತ್ತಾ ಹೋದರು. ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ ಕಟ್ಟಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ರೂಮ್ ಮಾಡುವಾಗ ಎರಡೇ ಲೆಕ್ಕ: ರೈಲು ನಿಲ್ದಾಣಕ್ಕೆ ನಡೆದು ಹೋಗುವಂತಿರಬೇಕು, ನದಿ ಹತ್ತಿರವಿದ್ದರೆ ಇನ್ನೂ ಒಳ್ಳೆಯದು. ಸಫಾನ್ ತಾಕ್ಸಿನ್ ಅನ್ನುವ ಸ್ಕೈಟ್ರೇನ್ (ಕಂಬಗಳ ಮೇಲೆ ಓಡುವ ಮೆಟ್ರೋ) ನಿಲ್ದಾಣದ ಕೆಳಗೇ ಸಾಥೋನ್ ದೋಣಿಕಟ್ಟೆ ಇದೆ, ಆ ಸುತ್ತಮುತ್ತ ಹುಡುಕಿ. ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಇಳಿದರೆ ಕೆಳಗಿನಿಂದಲೇ ಊರೊಳಗಿನ ಫಯಾ ಥಾಯ್‌ವರೆಗೆ ರೈಲಿದೆ, 45 ಬಾತ್, ಅರ್ಧ ಗಂಟೆ. ಅಲ್ಲಿ ಸ್ಕೈಟ್ರೇನ್‌ಗೆ ಬದಲಾಯಿಸಬಹುದು. ಒಂದು ಬಾತ್ ಅಂದರೆ ಸುಮಾರು ಎರಡೂವರೆಯಿಂದ ಮೂರು ರೂಪಾಯಿ. ಕೆಲವು ಅಗ್ಗದ ವಿಮಾನಗಳು ಡಾನ್ ಮುಯಾಂಗ್ ಅನ್ನುವ ಹಳೆಯ ನಿಲ್ದಾಣದಲ್ಲಿ ಇಳಿಸುತ್ತವೆ, ಟಿಕೆಟ್ ಕೊಳ್ಳುವಾಗ ನೋಡಿಕೊಳ್ಳಿ.

ನದಿಯಲ್ಲಿ ಕಿತ್ತಳೆ ಬಾವುಟದ ದೋಣಿ ಹತ್ತಿ. ಅದು ಅಲ್ಲಿಯವರ ಸಿಟಿ ಬಸ್ಸು ಇದ್ದಂತೆ, 20 ಬಾತ್ ಒಳಗೇ ಮುಗಿಯುತ್ತೆ. ಕಟ್ಟೆಯಲ್ಲಿ ಮೈಕ್ ಹಿಡಿದು ಕರೆಯುವವರು ಪ್ರವಾಸಿಗಳ ನೀಲಿ ಬಾವುಟದ ದೋಣಿಗೆ ಕರೆಯುತ್ತಾರೆ. ಅದರಲ್ಲಿ ಕೂರೋಕೆ ಜಾಗ ಜಾಸ್ತಿ, ದುಡ್ಡೂ ಜಾಸ್ತಿ. ಅಮ್ಮನಿಗೆ ನಿಲ್ಲೋಕೆ ಕಷ್ಟವಾದರೆ ಅದನ್ನೇ ಹತ್ತಿ, ತಪ್ಪೇನಿಲ್ಲ. ದೋಣಿಯಲ್ಲಿ ಭಿಕ್ಷುಗಳಿಗೆ ಮೀಸಲಾದ ಜಾಗ ಇರುತ್ತೆ, ಅಲ್ಲಿ ನಿಲ್ಲಬೇಡಿ. ಹೆಂಗಸರು ಭಿಕ್ಷುಗಳನ್ನು ಮುಟ್ಟೋ ಹಾಗಿಲ್ಲ. ಅತ್ತೆಗೆ ಈ ಮಡಿ ತಕ್ಷಣ ಅರ್ಥವಾಯಿತು, ನನಗಿಂತ ಚೆನ್ನಾಗಿ ಪಾಲಿಸಿದರು.

ಊರಿನ ನಡುವೆ ಸೇನ್ ಸೇಪ್ ಅನ್ನುವ ಕಾಲುವೆಯಲ್ಲೂ ದೋಣಿ ಓಡುತ್ತೆ. ನನಗೆ ಬ್ಯಾಂಕಾಕ್‌ನಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಹೆಲ್ಮೆಟ್ ಹಾಕಿಕೊಂಡ ಕಂಡಕ್ಟರ್ ದೋಣಿಯ ಹೊರ ಅಂಚಿನ ಮೇಲೆ ಹಗ್ಗ ಹಿಡಿದು ನಡೆಯುತ್ತಾ ಟಿಕೆಟ್ ಹರಿಯುತ್ತಾಳೆ. ಎದುರಿಂದ ಇನ್ನೊಂದು ದೋಣಿ ಬಂದರೆ ಅಂಚಿನಲ್ಲಿ ಕೂತವರು ಪಟ್ ಅಂತ ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಮೇಲೆತ್ತುತ್ತಾರೆ, ಕೊಳಚೆ ನೀರು ಮುಖಕ್ಕೆ ಹಾರದಿರಲಿ ಅಂತ. ತಗ್ಗು ಸೇತುವೆ ಬಂದಾಗ ಚಾವಣಿಯೇ ಕೆಳಗಿಳಿಯುತ್ತೆ, ಎಲ್ಲರೂ ತಲೆ ಬಗ್ಗಿಸುತ್ತಾರೆ. ಆದರೆ ಕಟ್ಟೆಯಲ್ಲಿ ದೋಣಿ ನಿಲ್ಲೋದು ಕೆಲವೇ ಸೆಕೆಂಡು, ಹಾರಿ ಹತ್ತಬೇಕು, ಹಾರಿ ಇಳಿಯಬೇಕು. ಅಮ್ಮನನ್ನು ಅದಕ್ಕೆ ಹತ್ತಿಸಬೇಡಿ. ಅವರು ಮಧ್ಯಾಹ್ನ ಮಲಗಿದಾಗ ನೀವೊಬ್ಬರೇ ಹೋಗಿ ಬನ್ನಿ.

ಶನಿವಾರ ನಿದ್ದೆಗೆಟ್ಟು ಇಳಿದಿರುತ್ತೀರಿ, ಗಡಿಯಾರವೂ ಒಂದೂವರೆ ಗಂಟೆ ಮುಂದೆ ಓಡಿರುತ್ತೆ. ಹಗಲು ಮಲಗಿ. ಸಂಜೆ ಚಿಟ್ ಲೋಮ್ ನಿಲ್ದಾಣದ ಪಕ್ಕದ ಎರಾವಾನ್ ಗುಡಿಗೆ ಹೋಗಿ. ಅಲ್ಲಿರೋದು ಚತುರ್ಮುಖ ಬ್ರಹ್ಮ. ಪಕ್ಕದಲ್ಲಿ ಹೋಟೆಲ್ ಕಟ್ಟುವಾಗ ಒಂದರ ಮೇಲೊಂದು ವಿಘ್ನ ಬಂತಂತೆ, ಜ್ಯೋತಿಷಿಯ ಮಾತಿನಂತೆ 1956ರಲ್ಲಿ ಪ್ರತಿಷ್ಠೆ ಮಾಡಿದರು. ನಾಲ್ಕೂ ಮುಖಕ್ಕೆ ಊದುಬತ್ತಿ, ಚೆಂಡುಹೂವಿನ ಹಾರ. ಹರಕೆ ತೀರಿದವರು ದುಡ್ಡು ಕೊಟ್ಟು ಅಲ್ಲೇ ನರ್ತಕಿಯರಿಂದ ಕುಣಿಸುತ್ತಾರೆ. ಸುತ್ತ ಶಾಪಿಂಗ್ ಮಾಲ್‌ಗಳು, ತಲೆಯ ಮೇಲೆ ಸ್ಕೈಟ್ರೇನ್. "ನಮ್ಮಲ್ಲಿ ಬ್ರಹ್ಮನಿಗೆ ಪೂಜೆಯೇ ಇಲ್ಲ, ಇಲ್ಲಿ ಕ್ಯೂ ನಿಂತಿದ್ದಾರಲ್ಲೇ!" ಅಂದರು ಅತ್ತೆ. ಅಲ್ಲಿಂದ ಕಾಲ್ನಡಿಗೆಯಲ್ಲೇ ಗಣಪತಿ, ಲಕ್ಷ್ಮಿ, ಗರುಡನ ಮೇಲಿನ ನಾರಾಯಣ ಎಲ್ಲ ಸಿಗುತ್ತಾರೆ, ಒಬ್ಬೊಬ್ಬರೂ ಒಂದೊಂದು ದೊಡ್ಡ ಕಟ್ಟಡದ ಅಂಗಳದಲ್ಲೋ ಮಹಡಿಯಲ್ಲೋ.

ಭಾನುವಾರ ಬೆಳಗ್ಗೆ ಗ್ರ್ಯಾಂಡ್ ಪ್ಯಾಲೇಸ್ ಅನ್ನುವ ಅರಮನೆ. ಎಂಟೂವರೆಗೆ ಬಾಗಿಲು ತೆಗೆಯುತ್ತೆ, ಆ ಹೊತ್ತಿಗೇ ಇರಿ. ಹತ್ತರ ಮೇಲೆ ಬಿಸಿಲೂ ಪ್ರವಾಸಿಗಳ ಗುಂಪೂ ಎರಡೂ ಸುಡುತ್ತವೆ. ಟಿಕೆಟ್ 500 ಬಾತ್, ದುಬಾರಿಯೇ, ಆದರೂ ಕೊಡಬಹುದು. ತೋಳು, ಮೊಣಕಾಲು ಮುಚ್ಚಿರಬೇಕು. ಹೊರಗೆ ಗೋಡೆಯ ಬಳಿ ಇಸ್ತ್ರಿ ಅಂಗಿ ಹಾಕಿದ ಸಜ್ಜನರೊಬ್ಬರು ಬಂದು "ಇವತ್ತು ಹಬ್ಬ, ಅರಮನೆ ಮುಚ್ಚಿದೆ, ಟುಕ್ ಟುಕ್‌ನಲ್ಲಿ 20 ಬಾತ್‌ಗೆ ಬೇರೆ ದೇವಸ್ಥಾನ ತೋರಿಸ್ತೀನಿ" ಅಂದರೆ ನಕ್ಕು ಮುಂದೆ ನಡೆಯಿರಿ. ಆ ಸವಾರಿ ಕೊನೆಗೆ ನಿಲ್ಲೋದು ಹರಳಿನ ಅಂಗಡಿ ಮುಂದೆ. ಮುಚ್ಚಿದೆಯೋ ಇಲ್ಲವೋ ಅನ್ನೋದನ್ನು ಬಾಗಿಲಲ್ಲೇ ಹೋಗಿ ಕೇಳಿ.

ಒಳಗೆ ಎಲ್ಲರೂ ಪಚ್ಚೆ ಬುದ್ಧನ ಕಡೆ ನುಗ್ಗುತ್ತಾರೆ. ಅದು ಅಡಿ ಲೆಕ್ಕದಲ್ಲಿ ಎರಡು ಅಡಿ ಚಿಲ್ಲರೆ ಎತ್ತರದ ಮೂರ್ತಿ, ತುಂಬಾ ಎತ್ತರದಲ್ಲಿದೆ. ಋತು ಬದಲಾದಾಗ ವರ್ಷಕ್ಕೆ ಮೂರು ಸಲ ದೊರೆಯೇ ಬಂದು ಉಡುಪು ಬದಲಾಯಿಸುತ್ತಾರೆ. ನೋಡಿ, ಕೈಮುಗಿಯಿರಿ. ಆದರೆ ಅಮ್ಮನ ಕಾಲಿನ ಶಕ್ತಿಯನ್ನು ಸುತ್ತಲಿನ ಮೊಗಸಾಲೆಗೆ ಉಳಿಸಿಕೊಳ್ಳಿ. ಅಲ್ಲಿ ಗೋಡೆಯುದ್ದಕ್ಕೂ 178 ಚಿತ್ರಗಳಲ್ಲಿ ಅವರ ರಾಮಾಯಣ, ರಾಮಕಿಯನ್, ಬರೆದಿದ್ದಾರೆ. ಬಾಗಿಲು ಕಾಯುವ ದೈತ್ಯರಲ್ಲಿ ಹಸಿರು ಮೈಯವನು ರಾವಣ. ಗೈಡ್ ಬೇಕಾಗಿಲ್ಲ, ಅಮ್ಮನೇ ಗೈಡ್. ನಮ್ಮತ್ತೆ ಜಟಾಯುವನ್ನು ಗುರುತಿಸಿದರು, ಕುಂಭಕರ್ಣನನ್ನು ಗುರುತಿಸಿದರು, ಸೇತುವೆ ಕಟ್ಟುವ ಚಿತ್ರದ ಮುಂದೆ ಮಾತ್ರ ನಿಂತುಬಿಟ್ಟರು. ನೀರೊಳಗೆ ಮೀನಿನ ಬಾಲದ ಹೆಣ್ಣೊಬ್ಬಳ ಹತ್ತಿರ ಬಿಳಿ ಮೈಯ ಹನುಮಂತ. ಅವಳು ಸುಪನ್ನಮಚ್ಚಾ, ರಾವಣನ ಮಗಳು. ಕಪಿಗಳು ಹಾಕಿದ ಕಲ್ಲನ್ನೆಲ್ಲ ಅಪ್ಪನ ಅಪ್ಪಣೆಯಂತೆ ಕದಿಯೋಕೆ ಬಂದವಳು ಹನುಮಂತನಿಗೆ ಮನಸೋತಳು, ಇವನೂ ಸೋತ, ಒಬ್ಬ ಮಗನೂ ಹುಟ್ಟಿದ. ಮೊಬೈಲಿನಲ್ಲಿ ಓದಿ ಹೇಳಿದೆ. ಪ್ರತಿ ಶನಿವಾರ ಆಂಜನೇಯನಿಗೆ ವಡೆ ಹಾರ ಹಾಕಿಸುವ ಅತ್ತೆ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ "ಇರಲಿ, ಸೇತುವೆ ಆಯ್ತಲ್ಲ" ಅಂದು ಮುಂದಿನ ಚಿತ್ರಕ್ಕೆ ಹೋದರು.

ಅರಮನೆಯಿಂದ ವಾಟ್ ಫೋ (ವಾಟ್ ಅಂದರೆ ದೇವಸ್ಥಾನ) ಹತ್ತಿರವೇ. ಮಲಗಿದ ಬುದ್ಧ 46 ಮೀಟರ್ ಉದ್ದ, ಪಾದದಲ್ಲಿ ಮುತ್ತಿನ ಚಿಪ್ಪಿನ ಕೆಲಸದ 108 ಮಂಗಳ ಚಿಹ್ನೆಗಳು. ಬೆನ್ನ ಹಿಂದಿನ ಸಾಲಿನಲ್ಲಿ 108 ಕಂಚಿನ ಪಾತ್ರೆಗಳಿವೆ, ಚಿಲ್ಲರೆ ಕೊಂಡು ಒಂದೊಂದರಲ್ಲಿ ಒಂದೊಂದು ಕಾಸು ಹಾಕುತ್ತಾ ಹೋಗಬೇಕು. ಟಣ್ ಟಣ್ ಸದ್ದು ಇಡೀ ಗುಡಿಯಲ್ಲಿ ತುಂಬಿರುತ್ತೆ, ಅಮ್ಮನಿಗೆ ಖಂಡಿತ ಇಷ್ಟವಾಗುತ್ತೆ. ಮಸಾಜ್ ಅಂದರೆ ಮುಖ ಸಿಂಡರಿಸುವವರಿಗೆ ಇಲ್ಲೇ ಉತ್ತರವಿದೆ. ಈ ದೇವಸ್ಥಾನದ ಆವರಣದಲ್ಲೇ ಥಾಯ್ ಮಸಾಜ್ ಕಲಿಸುವ ಹಳೆಯ ಶಾಲೆ ಇದೆ, ನರನಾಡಿಗಳ ನಕ್ಷೆಯನ್ನು ಕಲ್ಲಿನಲ್ಲೇ ಕೆತ್ತಿದ್ದಾರೆ, 2019ರಲ್ಲಿ ಯುನೆಸ್ಕೊ ಈ ವಿದ್ಯೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಬಟ್ಟೆ ಹಾಕಿಕೊಂಡೇ ಒತ್ತಿಸಿಕೊಳ್ಳೋದು. ಅತ್ತೆ ಪಾದಕ್ಕೆ ಮಾತ್ರ ಅಂತ ಒಪ್ಪಿಕೊಂಡು ಕೂತವರು ಅರ್ಧದಲ್ಲೇ ಗೊರಕೆ ಹೊಡೆದರು.

ಎದುರು ದಡದ ವಾಟ್ ಅರುಣ್‌ಗೆ ತಾ ತಿಯನ್ ಕಟ್ಟೆಯಿಂದ ದೋಣಿ ಇದೆ, ಚಿಲ್ಲರೆ ಕಾಸಿನ ಕೆಲಸ. ಒಡೆದ ಪಿಂಗಾಣಿ ಚೂರುಗಳಿಂದ ಮಾಡಿದ ಹೂಬಳ್ಳಿಗಳನ್ನು ಹತ್ತಿರದಿಂದ ನೋಡಿ. ಗೋಪುರದ ಮೆಟ್ಟಿಲು ತುಂಬಾ ಕಡಿದು, ಅಮ್ಮ ಕೆಳಗೇ ಇರಲಿ.

ಇನ್ನು ಊಟ. ಹಳದಿ ಬಣ್ಣದ ಮೇಲೆ ಕೆಂಪಿನಲ್ಲಿ, ನಮ್ಮ ಕಣ್ಣಿಗೆ 17 ಅಂತ ಬರೆದ ಹಾಗೆ ಕಾಣುವ ಗುರುತನ್ನು ಹುಡುಕಿ. ಅದು "ಜೇ" ಊಟ. ಮಾಂಸ, ಮೀನು, ಮೊಟ್ಟೆ ಇಲ್ಲ, ಹಾಲೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಚೀನೀ ಬೌದ್ಧರ ಪದ್ಧತಿ. ನಿಮ್ಮಮ್ಮನಿಗೆ ಹೇಳಿ ಮಾಡಿಸಿದಂತಿದೆ. ಅಂಗಡಿಯವರಿಗೆ "ಕಿನ್ ಜೇ" ಅಂದರೆ ಸಾಕು. ಬರೀ ವೆಜಿಟೇರಿಯನ್ ಅಂದರೆ ಮಾಂಸ ತೆಗೆದು ಮೀನಿನ ಸಾಸ್ ಹಾಕಿ ಕೊಡುತ್ತಾರೆ, ಅವರ ಪ್ರಕಾರ ಅದರಲ್ಲಿ ಮೋಸವೇನಿಲ್ಲ. ಪಪ್ಪಾಯ ಕೋಸಂಬರಿಯಲ್ಲಿ ಒಣ ಸೀಗಡಿ ಇರುತ್ತೆ, ಜೋಪಾನ. ಜೇ ಊಟದಲ್ಲಿ ಸೋಯಾದಿಂದ ಮಾಡಿದ ತುಂಡುಗಳು ಥೇಟ್ ಮಾಂಸದ ಹಾಗೇ ಕಾಣುತ್ತವೆ, ಅತ್ತೆ ಅದನ್ನು ಮುಟ್ಟಲೇ ಇಲ್ಲ, ಅನ್ನ, ಸೊಪ್ಪು, ತೋಫು ತಿಂದರು. ಬೀದಿಯಲ್ಲಿ ಹೆಚ್ಚಿದ ಸೀಬೆಕಾಯಿ ಅನಾನಸ್‌ಗೆ ಉಪ್ಪುಖಾರ ಕೊಡುತ್ತಾರೆ. ತೆಂಗಿನ ಹಾಲಿನ ಅಂಟು ಅನ್ನಕ್ಕೆ ಮಾವಿನ ಹಣ್ಣು ಇಟ್ಟುಕೊಡೋದನ್ನು ಬಿಡಲೇಬೇಡಿ. ಇಡ್ಲಿ ದೋಸೆ ಬೇಕೇ ಬೇಕು ಅಂದರೆ ಸಿಲೋಮ್ ರಸ್ತೆಯಲ್ಲಿ ತಮಿಳರು ಕಟ್ಟಿಸಿದ ಮಾರಿಯಮ್ಮನ ಗುಡಿ ಸುತ್ತ ಸಿಗುತ್ತೆ. ರೊಟ್ಟಿ ದಾಲ್ ಬೇಕಾದರೆ ಪಾಹುರತ್, ಅಲ್ಲಿ ದೊಡ್ಡ ಗುರುದ್ವಾರವೂ ಇದೆ. ಅವಲಕ್ಕಿ, ಚಟ್ನಿಪುಡಿ ಹೇಗೂ ಅಮ್ಮ ತಂದೇ ತರುತ್ತಾರೆ.

ಸೋಮವಾರ ಬೆಳಗ್ಗೆ ಪಾಕ್ ಖ್ಲೊಂಗ್ ಹೂವಿನ ಮಾರುಕಟ್ಟೆಗೆ ಹೋಗಿ, ಸನಾಮ್ ಚಾಯ್ ಮೆಟ್ರೋ ನಿಲ್ದಾಣದಿಂದ ಹತ್ತಿರ. ಮಾಲ್‌ಗಳಿಗೆ ಕೊಡುವ ಹೊತ್ತನ್ನು ಇಲ್ಲಿಗೆ ಕೊಡಿ ಅಂತ ನಾನು ಹೇಳೋದು. ಚೆಂಡುಹೂವು ಮೂಟೆಗಟ್ಟಲೆ, ತಾವರೆ ಮೊಗ್ಗು ಕಟ್ಟುಗಟ್ಟಲೆ. ಹೆಂಗಸೊಬ್ಬರು ಉದ್ದನೆ ಸೂಜಿಗೆ ಮಲ್ಲಿಗೆ ಮೊಗ್ಗನ್ನು ಸುತ್ತಲೂ ಚುಚ್ಚಿ, ಬಳೆಯಂಥ ಹಾರ ಮಾಡಿ, ಕೆಳಗೆ ಎಕ್ಕದ ಹೂವಿನ ಕುಚ್ಚು ಇಳಿಬಿಡುತ್ತಿದ್ದರು. ಅತ್ತೆ ಅವರ ಪಕ್ಕದ ಸ್ಟೂಲಿನಲ್ಲಿ ಕೂತು ಬೆರಳಿನಲ್ಲೇ ನಮ್ಮ ಕಡೆಯ ಹೂ ಕಟ್ಟುವ ರೀತಿ ತೋರಿಸಿದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ, ನಾನು ಮುಕ್ಕಾಲು ಗಂಟೆ ಬ್ಯಾಗ್ ಹಿಡಿದು ನಿಂತಿದ್ದೆ.

ಬೆಳಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಪಾರ್ಕು, ಸ್ಟೇಷನ್‌ಗಳಲ್ಲಿ ರಾಷ್ಟ್ರಗೀತೆ ಹಾಕುತ್ತಾರೆ, ಓಡುತ್ತಿದ್ದವರೂ ನಿಲ್ಲುತ್ತಾರೆ, ನೀವೂ ನಿಲ್ಲಿ. ರಾಜಮನೆತನದ ಬಗ್ಗೆ ತಮಾಷೆಗೂ ಏನೂ ಅನ್ನಬೇಡಿ, ಅಲ್ಲಿ ಅದಕ್ಕೆ ಜೈಲು ಶಿಕ್ಷೆ ಇದೆ. ಇ-ಸಿಗರೇಟ್ ನಿಷಿದ್ಧ. ನಮ್ಮ ಕಾರ್ಡಿನಲ್ಲಿ ಎಟಿಎಂನಿಂದ ತೆಗೆದರೆ ಪ್ರತಿ ಸಲ 200 ಬಾತ್‌ಗೂ ಮೇಲೆ ಶುಲ್ಕ ಕತ್ತರಿಸುತ್ತಾರೆ, ಒಂದೇ ಸಲ ತೆಗೆಯಿರಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು, ಏಪ್ರಿಲ್‌ನಲ್ಲಿ ಬಿಸಿಲು ಸಹಿಸೋಕಾಗಲ್ಲ. ಡಿಸೆಂಬರ್, ಜನವರಿಯಲ್ಲಿ ಅಮ್ಮನಿಗೆ ಹಿತ.

ವೀಸಾ ವಿಷಯ: 2024ರ ಜುಲೈನಲ್ಲಿ ಭಾರತೀಯರಿಗೆ 60 ದಿನ ವೀಸಾ ಇಲ್ಲದೆ ಇರಬಹುದು ಅಂತ ಮಾಡಿದರು. ಇಂಥ ನಿಯಮ ಬದಲಾಗುತ್ತಲೇ ಇರುತ್ತೆ, ಟಿಕೆಟ್ ಕೊಳ್ಳುವ ದಿನ ಥಾಯ್ ರಾಯಭಾರ ಕಚೇರಿಯ ಸೈಟ್‌ನಲ್ಲಿ ನೋಡಿಕೊಳ್ಳಿ. 2025ರ ಮೇ 1ರಿಂದ ಎಲ್ಲ ವಿದೇಶಿಯರೂ ಇಳಿಯೋದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಆಗಮನ ಕಾರ್ಡ್ ತುಂಬಬೇಕು, ಟಿಡಿಎಸಿ ಅಂತ. ಅದು ಉಚಿತ. ದುಡ್ಡು ಕೇಳುವ ಸೈಟ್ ಬಂದರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ. ಅಮ್ಮನದ್ದು ಬೇರೆ, ನಿಮ್ಮದು ಬೇರೆ ತುಂಬಬೇಕು. ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆಯೋ ಹಾಗೇ ಹಾಕಿ, ನಮ್ಮ ಹಿರಿಯರ ಇನಿಷಿಯಲ್ ಬಿಡಿಸಿ ಬರೆಯೋ ಗೋಜು ನಿಮಗೂ ಗೊತ್ತಲ್ಲ.