ಇನ್‌ಕ್ಯುಬೇಟರ್‌ನಲ್ಲಿರುವ ಮಗುವನ್ನು ಹೊರಗೆ ಎತ್ತಿಕೊಳ್ಳಬಹುದೇ?

ಪ್ರಶ್ನೆ: ನನ್ನ ಹೆಂಡತಿಗೆ 32 ವಾರಕ್ಕೇ ಹೆರಿಗೆಯಾಯಿತು. ಹೆಣ್ಣುಮಗು, ತೂಕ ಒಂದೂವರೆ ಕೆ.ಜಿ. ಇನ್‌ಕ್ಯುಬೇಟರ್‌ನಲ್ಲಿ ಇಟ್ಟಿದ್ದಾರೆ. ಉಸಿರಾಟ ಚೆನ್ನಾಗಿದೆ, ಹಾಲು ಮಾತ್ರ ನಳಿಕೆಯಲ್ಲಿ ಕೊಡ್ತಾರೆ. ಮಗುವನ್ನು ಎದೆಗೆ ಕಟ್ಟಿಕೊಳ್ಳಿ ಅಂತ ನರ್ಸ್ ಹೇಳುತ್ತಾರೆ. ನಮ್ಮವ್ವ ಬೇಡವೇ ಬೇಡ, ಪೆಟ್ಟಿಗೆಯಿಂದ ತೆಗೆದರೆ ಥಂಡಿ ಹತ್ತುತ್ತೆ ಅಂತಾರೆ. ಯಾರ ಮಾತು ಕೇಳಲಿ?
– ಓದುಗರು, ಗಂಗಾವತಿ

ಉತ್ತರ: ನರ್ಸ್ ಮಾತು ಕೇಳಿ. ಆದರೆ ನಿಮ್ಮವ್ವನ ಭಯ ಸುಮ್ನೆ ಹುಟ್ಟಿದ್ದಲ್ಲ. ದಿನ ತುಂಬದ ಮಗುವಿಗೆ ಚರ್ಮ ತೆಳು, ಅದರಡಿ ಕೊಬ್ಬೂ ಕಡಿಮೆ, ಹಾಗಾಗಿ ಮೈ ಬೇಗ ತಣ್ಣಗಾಗುತ್ತದೆ. ತಣ್ಣಗಾದರೆ ಕುಡಿದ ಹಾಲಿನ ಶಕ್ತಿಯೆಲ್ಲ ಬಿಸಿ ಉಳಿಸಿಕೊಳ್ಳಲಿಕ್ಕೇ ಹೋಗಿ ತೂಕ ಏರುವುದಿಲ್ಲ, ರಕ್ತದ ಸಕ್ಕರೆಯೂ ಇಳಿಯಬಹುದು. ಇನ್‌ಕ್ಯುಬೇಟರ್‌ನ ಮುಖ್ಯ ಕೆಲಸ ಈ ಬಿಸಿ ಕಾಯುವುದೇ. ಮಗುವಿನ ಹೊಟ್ಟೆ ಮೇಲೆ ಸಣ್ಣ ವೈರ್ ಅಂಟಿಸಿರುತ್ತಾರಲ್ವಾ, ಅದು ಮೈ ಬಿಸಿ ಅಳೆಯಲಿಕ್ಕೆ.

ತಾಯಿಯ ಎದೆಯೂ ಅಷ್ಟೇ ಚೆನ್ನಾಗಿ ಬಿಸಿ ಕೊಡುತ್ತದೆ. ಇದಕ್ಕೆ ಕಾಂಗರೂ ಆರೈಕೆ ಅಂತಾರೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾಗಿದ್ದು, ಇನ್‌ಕ್ಯುಬೇಟರ್‌ಗಳು ಸಾಲದೇ ಹೋದಾಗ. ಇದು ಬಡವರ ಚಿಕಿತ್ಸೆ ಅಂದುಕೊಳ್ಳಬೇಡಿ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಎದೆಗಪ್ಪಿಸಿದ ಪುಟ್ಟ ಮಕ್ಕಳಲ್ಲಿ ಮೊದಲ 28 ದಿನದ ಸಾವು ಶೇ 25ರಷ್ಟು ಕಡಿಮೆಯಿತ್ತು. ನಿಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ದೊಡ್ಡ ಮಟ್ಟದಲ್ಲಿ ಜಾರಿಗೆ ತಂದಿದ್ದಾರೆ.

ಮಗುವಿಗೆ ಟೋಪಿ, ಕಾಲುಚೀಲ, ಡೈಪರ್ ಬಿಟ್ಟು ಬೇರೆ ಬಟ್ಟೆ ಬೇಡ. ತಾಯಿಯ ಎರಡು ಮೊಲೆಗಳ ನಡುವೆ ನೆಟ್ಟಗೆ, ಚರ್ಮಕ್ಕೆ ಚರ್ಮ ತಾಗುವಂತೆ, ಕಾಲುಗಳು ಕಪ್ಪೆಯಂತೆ ಮಡಚಿರಲಿ, ತಲೆ ಒಂದು ಪಕ್ಕಕ್ಕೆ ತಿರುಗಿ ಮೂಗು ಪೂರ್ತಿ ತೆರೆದಿರಲಿ. ಮೇಲಿಂದ ಬಟ್ಟೆ ಕಟ್ಟಿ. ಮೊದಲ ಸಲ ನರ್ಸ್ ಜೊತೆಗಿರಲಿ. ಒಂದು ಸಲಕ್ಕೆ ಒಂದು ಗಂಟೆಗಿಂತ ಕಡಿಮೆ ಬೇಡ, ದಿನಕ್ಕೆ ಎಂಟು ಗಂಟೆಯಾದರೂ ಆಗಲಿ, ಇನ್ನೂ ಜಾಸ್ತಿ ಆದರೆ ಒಳ್ಳೆಯದೇ. ನಳಿಕೆ ಇದ್ದರೂ ತೊಂದರೆಯಿಲ್ಲ. ತಾಯಿಗೆ ದಣಿವಾದರೆ ನೀವು ಶರ್ಟ್ ಬಿಚ್ಚಿ ಕೂತುಕೊಳ್ಳಿ. ಅವ್ವನಿಗೂ ಒಂದು ಸರದಿ ಕೊಡಿ, ಭಯ ತಾನಾಗಿ ಹೋಗುತ್ತೆ.

ಮನೆಗೆ ಕರೆತಂದ ಮೇಲೂ ಇದನ್ನೇ ಮುಂದುವರಿಸಿ. ಬಿಸಿನೀರಿನ ಬಾಟಲಿ, ಕೆಂಡ, ಬಲ್ಬು ಯಾವುದೂ ಬೇಡ, ಆ ಎಳೆ ಚರ್ಮ ಸುಟ್ಟುಹೋಗುತ್ತೆ.

ನೀವು ಕೇಳದಿದ್ದರೂ ಇನ್ನೊಂದು ಮಾತು. ಇಷ್ಟು ಬೇಗ ಹುಟ್ಟಿದ ಮಕ್ಕಳ ರೆಟಿನಾದಲ್ಲಿ, ಅಂದ್ರೆ ಕಣ್ಣಿನ ಹಿಂಭಾಗದ ಪರದೆಯಲ್ಲಿ, ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ದೃಷ್ಟಿಯೇ ಹೋಗಬಹುದು, ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ. ಹುಟ್ಟಿದ 30 ದಿನದೊಳಗೆ ಕಣ್ಣಿನ ಪರೀಕ್ಷೆ ಆಗಲೇಬೇಕು, ಅಷ್ಟರೊಳಗೆ ಡಿಸ್ಚಾರ್ಜ್ ಆದರೂ ಕೂಡ. ತಾರೀಖು ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.