ಬಾಖ್ ಹುಟ್ಟಿದ್ದು 21ಕ್ಕೋ 31ಕ್ಕೋ?

(ಓದುಗರ ಪತ್ರದ ಸಾರ: ತಮ್ಮ ‘ಈ ದಿನ, ಸಂಗೀತದಲ್ಲಿ’ ಅಂಕಣ ಮಾರ್ಚ್ 21ರ ಕೆಳಗೆ ಜರ್ಮನ್ ಸಂಗೀತ ರಚನಕಾರ ಬಾಖ್ ಅವರ ಜನ್ಮದಿನವನ್ನು ಕೊಟ್ಟಿದೆ. ನನ್ನ ಬಳಿ ಇರುವ ಸಂಗೀತ ಕೋಶದಲ್ಲಿ ಮಾರ್ಚ್ 31 ಎಂದಿದೆ. ಯಾವುದು ಸರಿ? ಅದೇ ಪಟ್ಟಿಯಲ್ಲಿ, ಶುರುವಾಗುತ್ತಲೇ ನಿಂತುಹೋದ ಒಂದು ರಾಕ್ ಕಛೇರಿಗೆ ಎಂಟು ಸಾಲು, ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರಿಗೆ ಎರಡೇ ಸಾಲು. ದಿನಾಂಕವನ್ನೇ ನೆಚ್ಚುವಂತಿಲ್ಲದಿದ್ದರೆ ಇಂಥ ಅಂಕಣದಿಂದ ಪ್ರಯೋಜನವೇನು?)

ಮಾನ್ಯರೇ,

‘ಎರಡೂ ಸರಿ’ ಎಂದು ಒಂದು ಸಾಲಿನಲ್ಲಿ ಉತ್ತರಿಸಿ ತಮ್ಮ ಪತ್ರವನ್ನು ಕಡತಕ್ಕೆ ಸೇರಿಸಿಬಿಡಬಹುದಿತ್ತು. ಹಾಗೆ ಮಾಡದೆ ಇಷ್ಟು ತಡಮಾಡಿದ್ದಕ್ಕೆ ಕಾರಣವಿದೆ. ತಮ್ಮ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಆ ಪಟ್ಟಿಯನ್ನು ಇನ್ನೊಮ್ಮೆ ಓದಿದಾಗ, ತಾವು ತೋರಿಸಿದ್ದಕ್ಕಿಂತ ದೊಡ್ಡದಾದ, ತಮ್ಮ ಕಣ್ಣಿಗೂ ತಪ್ಪಿಸಿಕೊಂಡ ಇನ್ನೊಂದು ದೋಷ ನನಗೆ ಕಾಣಿಸಿತು. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಬಾಖ್.

ಯೋಹಾನ್ ಸೆಬಾಸ್ಟಿಯನ್ ಬಾಖ್ ಹುಟ್ಟಿದ್ದು 1685ರಲ್ಲಿ, ಜರ್ಮನಿಯ ಐಸೆನಾಖ್ ಪಟ್ಟಣದಲ್ಲಿ. ಆ ಊರಿನ ಸಂತ ಜಾರ್ಜರ ಚರ್ಚಿನಲ್ಲಿ ಮಗುವಿಗೆ ದೀಕ್ಷಾಸ್ನಾನ (ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವ ಸಂಸ್ಕಾರ) ಆದದ್ದು ಮಾರ್ಚ್ 23ರಂದು. ಹುಟ್ಟಿದ್ದು ಅದಕ್ಕೆ ಎರಡು ದಿನ ಮೊದಲು, 21ರಂದು. ಆದರೆ ಐಸೆನಾಖ್‌ನಲ್ಲಿ 21 ಆಗಿದ್ದ ಆ ದಿನ ರೋಮಿನಲ್ಲಿ, ಪ್ಯಾರಿಸ್ಸಿನಲ್ಲಿ, ನೇಪಲ್ಸಿನಲ್ಲಿ 31 ಆಗಿತ್ತು. ಜೂಲಿಯಸ್ ಸೀಸರನ ಕಾಲದಿಂದ ಬಂದ ಹಳೆಯ ಪಂಚಾಂಗದ ವರ್ಷವು ಸೂರ್ಯನ ನಿಜವಾದ ವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದವಾಗಿದ್ದುದರಿಂದ, ಶತಮಾನಗಳು ಕಳೆದಂತೆ ಲೆಕ್ಕ ಜಾರುತ್ತ ಹೋಗಿ, 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗೊರಿ ಹತ್ತು ದಿನಗಳನ್ನು ಕಿತ್ತುಹಾಕಬೇಕಾಯಿತು: ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15. ಕ್ಯಾಥೊಲಿಕ್ ದೇಶಗಳು ಬೇಗನೆ ಒಪ್ಪಿದವು. ಪ್ರಾಟೆಸ್ಟೆಂಟ್ ಜರ್ಮನ್ ಸಂಸ್ಥಾನಗಳು ಮಾತ್ರ ಪೋಪರ ಲೆಕ್ಕವನ್ನು ಒಪ್ಪಲೊಲ್ಲದೆ 1700ರವರೆಗೂ ಹಳೆಯದನ್ನೇ ಹಿಡಿದು ಕುಳಿತವು. ಬಾಖ್, ಹ್ಯಾಂಡಲ್, ಡೊಮೆನಿಕೊ ಸ್ಕಾರ್ಲಾಟಿ ಮೂವರೂ ಒಂದೇ ವರ್ಷ ಹುಟ್ಟಿದವರೆಂದು ನಾವೆಲ್ಲ ಬರೆಯುತ್ತೇವೆ. ಮೊದಲಿಬ್ಬರು ಹಳೆಯ ಲೆಕ್ಕದವರು, ನೇಪಲ್ಸಿನ ಸ್ಕಾರ್ಲಾಟಿ ಹೊಸ ಲೆಕ್ಕದವರು ಎಂಬುದನ್ನು ಬರೆಯುವುದಿಲ್ಲ.

ಇದರಲ್ಲಿ ಒಂದು ಸ್ವಾರಸ್ಯವಿದೆ. ಹತ್ತು ದಿನ ಕಿತ್ತುಹಾಕಿದ ಆ ಸುಧಾರಣೆಯ ಉದ್ದೇಶವೇ ಹಗಲುರಾತ್ರಿ ಸಮವಾಗುವ ವಸಂತದ ವಿಷುವನ್ನು ಮತ್ತೆ ಮಾರ್ಚ್ 21ರ ಆಸುಪಾಸಿಗೆ ತಂದು ನಿಲ್ಲಿಸುವುದಾಗಿತ್ತು. ಈಸ್ಟರ್ ಹಬ್ಬದ ಗಣನೆ ಆ ದಿನಕ್ಕೆ ಕಟ್ಟುಬಿದ್ದಿತ್ತು. ಹೀಗಾಗಿ ‘ವಸಂತದ ಮೊದಲ ದಿನ ಹುಟ್ಟಿದ ಬಾಖ್’ ಎಂದು ಆಗಾಗ ಕಾಣಿಸುವ ಮಾತು ಕೇಳಲು ಇಂಪಾಗಿದ್ದರೂ ನಿಜವಲ್ಲ; ಐಸೆನಾಖ್‌ನವರ ಗೋಡೆಯ ಮೇಲೆ 21 ಬರುವಷ್ಟರಲ್ಲಿ ಆಕಾಶದಲ್ಲಿ ವಿಷುವ ಕಳೆದು ಹತ್ತು ದಿನಕ್ಕೂ ಮೇಲಾಗಿತ್ತು.

ಹಾಗಾದರೆ ನಾವು 21 ಎಂದೇ ಏಕೆ ಅಚ್ಚು ಹಾಕುತ್ತೇವೆ? ನಮ್ಮ ಪಾಲಿಗೆ ಸಾಕ್ಷಿ ಬಾಖ್ ಅವರೇ. ಪಂಚಾಂಗ ಬದಲಾದಾಗ ಅವರು ಒಹ್ರ್‌ಡ್ರುಫ್‌ನಲ್ಲಿ ಅಣ್ಣನ ಮನೆಯಲ್ಲಿದ್ದ, ಇನ್ನೂ ಹದಿನೈದು ತುಂಬದ ಹುಡುಗ. 1700ರ ಫೆಬ್ರವರಿ 18ರ ಮರುದಿನ ಮಾರ್ಚ್ 1 ಆದದ್ದನ್ನು ಕಣ್ಣಾರೆ ಕಂಡವರು. ಅದಾಗಿ ಮೂವತ್ತೈದು ವರ್ಷಗಳ ನಂತರ, 1735ರಲ್ಲಿ, ತಮ್ಮ ಸಂಗೀತಗಾರ ವಂಶದ ವಂಶಾವಳಿಯನ್ನು ಬರೆಯುತ್ತ ಕುಳಿತಾಗಲೂ ತಮ್ಮ ಹುಟ್ಟಿದ ದಿನವನ್ನು ಅವರು ಮಾರ್ಚ್ 21 ಎಂದೇ ನಮೂದಿಸಿದರು. ಹತ್ತನ್ನು ಕೂಡಿಸುವ ಗೋಜಿಗೆ ಹೋಗಲಿಲ್ಲ. ತಮ್ಮ ಕೋಶದ ಸಂಪಾದಕರು ಮಾಡಿದ ಗಣಿತ ತಪ್ಪಲ್ಲ. ಆದರೆ ಹುಟ್ಟಿದವರೇ ಒಪ್ಪಿಕೊಂಡಿದ್ದ ದಿನವನ್ನು ಅವರ ಕೈಯಿಂದ ಕಸಿದುಕೊಳ್ಳಲು ನನಗೆ ಮನಸ್ಸಿಲ್ಲ.

ಇನ್ನು ಆ ದೊಡ್ಡ ದೋಷ. ಬಾಖ್ ಅವರ ಹೆಸರಿನಿಂದ ನಾಲ್ಕು ಸಾಲು ಕೆಳಗೆ, ಅದೇ ಮಾರ್ಚ್ 21ರ ಪಟ್ಟಿಯಲ್ಲಿ, ರಷ್ಯದ ಮೊಡೆಸ್ಟ್ ಮುಸೋರ್ಗ್‌ಸ್ಕಿ ಇದ್ದಾರೆ. ಅವರು ಪ್ಸ್ಕೋವ್ ಪ್ರಾಂತದ ಕರೆವೊ ಎಂಬ ಹಳ್ಳಿಯಲ್ಲಿ 1839ರಲ್ಲಿ ಹುಟ್ಟಿದಾಗ ಅಲ್ಲಿನ ಲೆಕ್ಕದಲ್ಲಿ ಮಾರ್ಚ್ 9. ಹನ್ನೆರಡು ದಿನ ಕೂಡಿಸಿದ ಮೇಲೆ ಸಿಗುವುದೇ 21. ಅಂದರೆ ಒಂದೇ ತಲೆಬರಹದ ಕೆಳಗೆ ನಾವು ಬಾಖ್ ಅವರನ್ನು ಹಳೆಯ ಲೆಕ್ಕದ ಪ್ರಕಾರ, ಮುಸೋರ್ಗ್‌ಸ್ಕಿಯವರನ್ನು ಹೊಸ ಲೆಕ್ಕದ ಪ್ರಕಾರ ಕೂರಿಸಿ, ಇಬ್ಬರೂ ಒಂದೇ ದಿನ ಹುಟ್ಟಿದವರೆಂಬ ಭಾವನೆ ಬರುವಂತೆ ಮಾಡಿದ್ದೇವೆ. ಯಾವ ಲೆಕ್ಕವನ್ನು ಹಿಡಿದರೂ ಇಬ್ಬರಲ್ಲಿ ಒಬ್ಬರು ಆ ಪಟ್ಟಿಯಿಂದ ಎದ್ದು ಹೋಗಲೇಬೇಕು. ಇದು ಅಚ್ಚಿನ ತಪ್ಪಲ್ಲ, ವಿಚಾರದ ತಪ್ಪು. ಅಂಕಣವನ್ನು ಅಂತಿಮವಾಗಿ ನೋಡಿ ಸಹಿ ಹಾಕಿದವನು ನಾನೇ ಆದ್ದರಿಂದ ಹೊಣೆಯೂ ನನ್ನದೇ.

ಈ ಇಬ್ಬಗೆಯ ನೀತಿ ನಮ್ಮಲ್ಲಿ ಮಾತ್ರ ಇರುವುದಲ್ಲ. ರೂಢಿಯೇ ಹಾಗೆ ಬೆಳೆದುಬಂದಿದೆ. ರಷ್ಯದಲ್ಲಿ ಪಂಚಾಂಗ ಬದಲಾದದ್ದು 1918ರಲ್ಲಿ: ಜನವರಿ 31ರ ಮರುದಿನ ಫೆಬ್ರವರಿ 14. ಆಗ ಬದುಕಿದ್ದ ಸಂಗೀತಗಾರರು ತಮ್ಮ ಹುಟ್ಟುಹಬ್ಬಗಳನ್ನೂ ಸರಿಸಿಕೊಳ್ಳಬೇಕಾಯಿತು, ಅವರ ಜೊತೆಗೆ ಹಿಂದಿನವರ ದಿನಗಳನ್ನೂ ಬರಹಗಾರರು ಸರಿಸಿದರು. ಸರಿಸುವುದೂ ಸುಲಭದ ಕೆಲಸವಾಗಿರಲಿಲ್ಲ. ಇಗೊರ್ ಸ್ಟ್ರಾವಿನ್‌ಸ್ಕಿ ಹುಟ್ಟಿದ್ದು ಹಳೆಯ ಲೆಕ್ಕದ 1882ರ ಜೂನ್ 5ರಂದು. ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ಲೆಕ್ಕಗಳ ನಡುವಿನ ಅಂತರ ಹನ್ನೆರಡು ದಿನವಾದ್ದರಿಂದ ಅದು ಜೂನ್ 17 ಆಗುತ್ತದೆ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಅಂತರ ಹದಿಮೂರಕ್ಕೆ ಏರಿತ್ತು. ಸ್ಟ್ರಾವಿನ್‌ಸ್ಕಿ ತಮ್ಮ ಹುಟ್ಟುಹಬ್ಬವನ್ನು ಆಚರಿಸುತ್ತಿದ್ದುದು ಜೂನ್ 18ರಂದು.

ಪಂಚಾಂಗದ ತೊಡಕು ಇಲ್ಲದಲ್ಲಿ ದಾಖಲೆಯ ತೊಡಕು ಇರುತ್ತದೆ. ಬೇತೋವನ್ ಅವರದು ಎಂದು ಡಿಸೆಂಬರ್ 16ನ್ನು ಕೊಡುವವರೆಲ್ಲ ಊಹೆಯನ್ನು ಕೊಡುತ್ತಿದ್ದಾರೆ. ದಾಖಲೆಯಲ್ಲಿರುವುದು ಬಾನ್ ನಗರದಲ್ಲಿ 1770ರ ಡಿಸೆಂಬರ್ 17ರಂದು ನಡೆದ ದೀಕ್ಷಾಸ್ನಾನ ಮಾತ್ರ. ಅವರಿಗೆ ತಮ್ಮ ವರ್ಷದ ಬಗ್ಗೆಯೇ ಗೊಂದಲವಿತ್ತು. 1810ರಲ್ಲಿ ಬಾಲ್ಯದ ಗೆಳೆಯನಿಗೆ ಬರೆದು ದೀಕ್ಷಾಪತ್ರವನ್ನು ತರಿಸಿಕೊಡಲು ಕೇಳಿಕೊಂಡಾಗ, ತನಗಿಂತ ಮೊದಲು ಹುಟ್ಟಿ ತೀರಿಕೊಂಡ ಅದೇ ಹೆಸರಿನ ಅಣ್ಣನೊಬ್ಬನಿದ್ದ, ಅವನದನ್ನು ಕಳಿಸಬೇಡ ಎಂದು ಎಚ್ಚರಿಸಿದ್ದರು. ಲೂಯಿ ಆರ್ಮ್‌ಸ್ಟ್ರಾಂಗ್ ಅವರದು ಇನ್ನೂ ಸೊಗಸಾದ ಪ್ರಸಂಗ. ಜಾಝ್ ಲೋಕದ ಆ ಕಹಳೆಗಾರರು ಬದುಕಿನುದ್ದಕ್ಕೂ ತಾವು 1900ರ ಜುಲೈ 4ರಂದು, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನದಂದು ಹುಟ್ಟಿದವರೆಂದು ಹೇಳಿಕೊಂಡು ಬಂದರು. ಅವರು 1971ರಲ್ಲಿ ತೀರಿಕೊಂಡು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ನ್ಯೂ ಆರ್ಲಿಯನ್ಸ್‌ನ ಚರ್ಚೊಂದರ ದೀಕ್ಷಾಸ್ನಾನದ ದಾಖಲೆ ಸಿಕ್ಕಿತು; ಅದರಲ್ಲಿದ್ದ ಹುಟ್ಟಿದ ದಿನ 1901ರ ಆಗಸ್ಟ್ 4. ಬಾಖ್ ಅವರ ಮಾತನ್ನು ನಂಬಿದ ನಾನು ಆರ್ಮ್‌ಸ್ಟ್ರಾಂಗ್ ಅವರ ಮಾತನ್ನು ಏಕೆ ನಂಬುವುದಿಲ್ಲ ಎಂದು ತಾವು ಕೇಳಬಹುದು. ಬಾಖ್ ಹೇಳಿದ್ದು ಊರಿನ ದಾಖಲೆಯೊಂದಿಗೆ ಹೊಂದುತ್ತದೆ, ಆರ್ಮ್‌ಸ್ಟ್ರಾಂಗ್ ಹೇಳಿದ್ದು ಹೊಂದುವುದಿಲ್ಲ, ವ್ಯತ್ಯಾಸ ಅಷ್ಟೇ.

ಅಂಕಣದಿಂದ ಪ್ರಯೋಜನವೇನು ಎಂಬ ತಮ್ಮ ಕೊನೆಯ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿತು. ಹುಟ್ಟುಹಬ್ಬಗಳ ಮಟ್ಟಿಗೆ ತಮ್ಮ ಅಸಮಾಧಾನವನ್ನು ನಾನು ಅರ್ಧ ಒಪ್ಪುತ್ತೇನೆ. ಫ್ರಾನ್ಸಿನ ಚೆಲ್ಲೊ ವಾದಕ ಪಾಲ್ ಟಾರ್ಟೆಲಿಯೆ 1914ರ ಮಾರ್ಚ್ 21ರಂದು, ಬೆಲ್ಜಿಯಮ್ಮಿನ ಪಿಟೀಲು ವಾದಕ ಆರ್ಥರ್ ಗ್ರುಮಿಯೊ 1921ರ ಮಾರ್ಚ್ 21ರಂದು ಹುಟ್ಟಿದವರು. ಇಬ್ಬರೂ ಬಾಖ್ ಅವರ ಒಂಟಿ ವಾದ್ಯದ ಕೃತಿಗಳನ್ನು ನುಡಿಸಿ ಹೆಸರಾದವರು. ಇದನ್ನು ಓದಿ ಪುಳಕಗೊಳ್ಳುವವರಿದ್ದಾರೆ. ಆದರೆ ಪಾಶ್ಚಾತ್ಯ ಸಂಗೀತದ ದೊಡ್ಡ ಚೆಲ್ಲೊ ವಾದಕರೂ ಪಿಟೀಲು ವಾದಕರೂ ಬಹುಪಾಲು ಎಲ್ಲರೂ ಬಾಖ್ ಅವರನ್ನು ನುಡಿಸಿದವರೇ ಆಗಿರುವಾಗ, ವರ್ಷದ ಯಾವ ದಿನಕ್ಕೆ ಬೆರಳಿಟ್ಟರೂ ಇಂಥ ಒಬ್ಬಿಬ್ಬರು ಸಿಕ್ಕೇ ಸಿಗುತ್ತಾರೆ.

ಒಂದು ಸಂಗೀತ ಮೊದಲು ಕೇಳಿಬಂದ ದಿನ ಇದಕ್ಕಿಂತ ಬೇರೆ ಜಾತಿಯದು. ಅದು ಆಕಸ್ಮಿಕವಲ್ಲ, ಹಲವರು ಸೇರಿ ಆಗಮಾಡಿದ್ದು. ಮಾರ್ಚ್ 21ರ ಪಟ್ಟಿಯಲ್ಲಿ ಅಂಥದೊಂದು ಇದೆ, ನಮ್ಮವರು ಅದಕ್ಕೆ ಒಂದು ಸಾಲನ್ನಷ್ಟೇ ಕೊಟ್ಟರು: 1839ರ ಮಾರ್ಚ್ 21ರಂದು ಲೈಪ್ಸಿಗ್‌ನ ಗೆವಾಂಡ್‌ಹೌಸ್ ಸಭಾಂಗಣದಲ್ಲಿ ವಿಯೆನ್ನಾದ ಸಂಗೀತ ರಚನಕಾರ ಶೂಬರ್ಟ್ ಅವರ ಸಿ ಮೇಜರ್ ಮಹಾ ಸಿಂಫನಿಯ ಮೊದಲ ಪ್ರಯೋಗ. ಶೂಬರ್ಟ್ ಮೂವತ್ತೊಂದನೆಯ ವಯಸ್ಸಿನಲ್ಲಿ, 1828ರ ನವೆಂಬರಿನಲ್ಲಿ ತೀರಿಕೊಂಡಿದ್ದರು. ವಿಯೆನ್ನಾದ ಸಂಗೀತಪ್ರಿಯರ ಸಂಘ ಅವರ ಜೀವಿತಕಾಲದಲ್ಲೇ ಇದನ್ನು ಕೈಗೆತ್ತಿಕೊಂಡು, ಬಹಳ ಉದ್ದ, ಬಹಳ ಕಷ್ಟ ಎಂದು ಬದಿಗಿಟ್ಟಿತ್ತು. ಹತ್ತು ವರ್ಷ ಆ ಹಸ್ತಪ್ರತಿ ಅಣ್ಣ ಫರ್ಡಿನಾಂಡರ ಮನೆಯ ಕಾಗದದ ರಾಶಿಯಲ್ಲಿ ಮಲಗಿತ್ತು. 1839ರ ಹೊಸ ವರ್ಷದ ಸುಮಾರಿಗೆ ವಿಯೆನ್ನಾದಲ್ಲಿದ್ದ ರಾಬರ್ಟ್ ಶೂಮನ್ ಆ ಮನೆಗೆ ಹೋಗಿ, ರಾಶಿಯನ್ನು ಕೆದಕಿ, ಕೈಗೆ ಸಿಕ್ಕಿದ್ದು ಏನೆಂದು ಅರಿತು, ಅದನ್ನು ಲೈಪ್ಸಿಗ್‌ಗೆ ಕಳಿಸುವ ಏರ್ಪಾಡು ಮಾಡಿದರು. ಅಲ್ಲಿ ವಾದ್ಯವೃಂದವನ್ನು ನಡೆಸಿದವರು ಮೆಂಡೆಲ್‌ಸನ್. ಹತ್ತು ವರ್ಷಗಳ ಹಿಂದೆ, 1829ರ ಮಾರ್ಚ್ 11ರಂದು, ಬರ್ಲಿನ್ನಿನಲ್ಲಿ ಬಾಖ್ ಅವರ ಸಂತ ಮತ್ತಾಯನ ಯಾತನಾಗೀತವನ್ನು ಮರವೆಯಿಂದ ಎತ್ತಿ ತಂದ ಇಪ್ಪತ್ತರ ತರುಣರೂ ಅವರೇ.

ಪತ್ತೆಹಚ್ಚಿದ ಶೂಮನ್ ಆ ಸಂಜೆ ಸಭೆಯಲ್ಲಿರಲಿಲ್ಲ. ಇನ್ನೂ ವಿಯೆನ್ನಾದಲ್ಲೇ ಇದ್ದರು. ಅದನ್ನು ಅವರು ಕಿವಿಯಾರೆ ಕೇಳಿದ್ದು ಆ ವರ್ಷದ ಡಿಸೆಂಬರಿನಲ್ಲಿ, ಅಭ್ಯಾಸದ ಹೊತ್ತಿನಲ್ಲಿ. ಮರುವರ್ಷ ತಮ್ಮ ಪತ್ರಿಕೆಯಲ್ಲಿ ಅದರ ‘ದಿವ್ಯವಾದ ಉದ್ದ’ವನ್ನು ಕೊಂಡಾಡಿದರು: ವಿಯೆನ್ನಾದವರು ಯಾವುದನ್ನು ದೋಷವೆಂದು ಬದಿಗಿಟ್ಟಿದ್ದರೋ ಅದನ್ನೇ. ಲೈಪ್ಸಿಗ್‌ನಲ್ಲಿ ಗೆದ್ದ ಮಾತ್ರಕ್ಕೆ ಎಲ್ಲೆಡೆಯೂ ಗೆಲ್ಲಲಿಲ್ಲ. 1844ರಲ್ಲಿ ಲಂಡನ್ನಿನ ಪಿಟೀಲುಗಾರರು ಅಭ್ಯಾಸದಲ್ಲಿ ಕೊನೆಯ ಭಾಗಕ್ಕೆ ಬಂದಾಗ, ಮತ್ತೆ ಮತ್ತೆ ಬರುವ ಒಂದೇ ಬಗೆಯ ಸ್ವರಗುಚ್ಛಗಳನ್ನು ಕಂಡು ನಕ್ಕುಬಿಟ್ಟರು. ಮೆಂಡೆಲ್‌ಸನ್ ಅದನ್ನು ಹಿಂತೆಗೆದುಕೊಂಡರು.

ಮೇಲೆ ಹೇಳಿದ ಮುಸೋರ್ಗ್‌ಸ್ಕಿಯವರ ವರ್ಷವನ್ನು ತಾವು ಗಮನಿಸಿರಬಹುದು. ಲೈಪ್ಸಿಗ್‌ನಲ್ಲಿ ಈ ಸಿಂಫನಿ ಮೊದಲು ಕೇಳಿಬಂದದ್ದೂ ಕರೆವೊದಲ್ಲಿ ಆ ಮಗು ಹುಟ್ಟಿದ್ದೂ ನಿಜವಾಗಿ ಒಂದೇ ದಿನ, ಒಂದೇ ಸೂರ್ಯನ ಕೆಳಗೆ. ಅಲ್ಲಿ ಅದನ್ನು 21 ಎಂದರು, ಇಲ್ಲಿ 9 ಎಂದರು. ಮುಸೋರ್ಗ್‌ಸ್ಕಿಯವರನ್ನು ನಿಜವಾಗಿ ಕೂರಿಸಬೇಕಾದದ್ದು ಶೂಬರ್ಟ್ ಅವರ ಪಕ್ಕದಲ್ಲಿ. ನಾವು ಬಾಖ್ ಅವರ ಪಕ್ಕದಲ್ಲಿ ಕೂರಿಸಿದ್ದೆವು.

ಎಂಟು ಸಾಲು, ಎರಡು ಸಾಲಿನ ದೂರನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಆ ರಾಕ್ ಕಛೇರಿಯ ಬಗ್ಗೆ ತಮಗಿರುವ ತಾತ್ಸಾರವನ್ನಲ್ಲ. 1952ರ ಮಾರ್ಚ್ 21ರಂದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರೇಡಿಯೊ ನಿರೂಪಕ ಅಲನ್ ಫ್ರೀಡ್ ಮತ್ತು ಜೊತೆಗಾರರು ಏರ್ಪಡಿಸಿದ ಆ ಸಂಜೆ, ಸುಮಾರು ಹತ್ತು ಸಾವಿರ ಜನ ಹಿಡಿಸುವ ಸಭಾಂಗಣಕ್ಕೆ ಅದರ ಎರಡರಷ್ಟು ಜನ ನುಗ್ಗಿದ್ದರಿಂದ ಪೊಲೀಸರು ಆರಂಭದಲ್ಲೇ ನಿಲ್ಲಿಸಿದರು. ನಡೆಯದೇ ಹೋದ ಕಛೇರಿಯನ್ನು ಮೊದಲ ರಾಕ್ ಕಛೇರಿ ಎಂದು ಕರೆಯುತ್ತಿರುವುದೇ ಚರಿತ್ರೆಯ ಒಂದು ತಮಾಷೆ. ಕಥೆ ಸಿಕ್ಕಿತೆಂದು ನಮ್ಮವರು ಸಾಲು ಬೆಳೆಸಿದರು. 1916ರ ಮಾರ್ಚ್ 21ರಂದು ಬಿಹಾರದ ಡುಮ್‌ರಾಂವ್‌ನಲ್ಲಿ ಹುಟ್ಟಿದ ಬಿಸ್ಮಿಲ್ಲಾ ಖಾನ್ ಅವರ ವಿಷಯದಲ್ಲಿ ಅಂಥ ಕಥೆ ಬೇಕಿರಲಿಲ್ಲ. ದೇವಸ್ಥಾನದ ಬಾಗಿಲಲ್ಲಿ, ಮದುವೆ ಮನೆಯ ಮುಂದೆ ನುಡಿಯುತ್ತಿದ್ದ ಶಹನಾಯಿಯನ್ನು ಕಛೇರಿಯ ವೇದಿಕೆಗೆ ಏರಿಸಿ, ಖಯಾಲಿನ ವಿಸ್ತಾರ ಅದರಲ್ಲಿ ಮೂಡುವಂತೆ ಮಾಡಿದವರು, 1947ರಲ್ಲಿ ಸ್ವಾತಂತ್ರ್ಯ ಬಂದಾಗ ದೆಹಲಿಯ ಕೆಂಪುಕೋಟೆಯಲ್ಲಿ ನುಡಿಸಿದವರು, 2001ರಲ್ಲಿ ಭಾರತರತ್ನ ಪಡೆದವರು: ಇಷ್ಟನ್ನು ಬರೆದಿದ್ದರೂ ಐದು ಸಾಲಾಗುತ್ತಿತ್ತು.

ಇನ್ನು ಮುಂದೆ ಹಳೆಯ ಲೆಕ್ಕದ ದಿನಕ್ಕೆ ಹಾಗೆಂದು ಗುರುತು ಹಾಕುತ್ತೇವೆ. ದೀಕ್ಷಾಸ್ನಾನ ಮಾತ್ರ ತಿಳಿದಿರುವಲ್ಲಿ ‘ಜನನ’ ಎಂಬ ಮಾತನ್ನು ಬಳಸುವುದಿಲ್ಲ. ಮಾರ್ಚ್ 21ರ ಪಟ್ಟಿಯನ್ನು ಓದುಗರು ಸದ್ಯ ಹೀಗೆ ತಿದ್ದಿಕೊಳ್ಳಬೇಕಾಗಿ ವಿನಂತಿ: ಬಾಖ್, ಐಸೆನಾಖ್, 1685, ಹಳೆಯ ಲೆಕ್ಕದಲ್ಲಿ 21, ಹೊಸ ಲೆಕ್ಕದಲ್ಲಿ 31; ಮುಸೋರ್ಗ್‌ಸ್ಕಿ, ಕರೆವೊ, 1839, ಹಳೆಯ ಲೆಕ್ಕದಲ್ಲಿ 9, ಹೊಸ ಲೆಕ್ಕದಲ್ಲಿ 21. ತಾವು ಕಳಿಸಿದ ಕೋಶದ ಪುಟದ ನಕಲನ್ನು ಈ ಪತ್ರದೊಂದಿಗೆ ಹಿಂದಿರುಗಿಸುತ್ತಿದ್ದೇನೆ.

— ಸಂಪಾದಕ