ನಗ್ಗಿದ ತಗಡು, ಉದುರುವ ಪಟ್ಟಿ
ಓದುಗರ ಪ್ರಶ್ನೆ: ಹಳೆಯ ಕಾರು, ಹಳೆಯ ಜೀಪು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗಿನವು. ಮಳೆ ಬಿಟ್ಟು ಶೆಡ್ಡಿನಿಂದ ಗಾಡಿ ಹೊರಗೆ ತೆಗೆದವರೇ ಬರೆದಿದ್ದಾರೆ. ಪ್ರಶ್ನೆಗಳನ್ನು ಚುಟುಕಾಗಿಸಿದ್ದೇವೆ, ಉತ್ತರಗಳನ್ನಲ್ಲ.

ಪ್ರಶ್ನೆ: ನಮ್ಮದು 1978ರ ಅಂಬಾಸಡರ್ ಮಾರ್ಕ್ 3. ಬಾನೆಟ್ ಮೇಲೆ ಹಲಸಿನಕಾಯಿ ಬಿದ್ದು ಊಟದ ತಟ್ಟೆಯಷ್ಟು ಅಗಲ ನಗ್ಗಿದೆ, ನಡುವೆ ಗೇಣುದ್ದದ ಮಡಿಕೆ ಬಿದ್ದಿದೆ. ಅಡಿಯಿಂದ ಸುತ್ತಿಗೆಯಲ್ಲಿ ಹೊಡೆದು ಎತ್ತಬಹುದೇ? (ನಾಪೋಕ್ಲು)

ಉತ್ತರ: ಎತ್ತಬಹುದು. ಆದರೆ ಮೊದಲ ಏಟು ನಡುವೆ ಬೀಳಬಾರದು. ತಟ್ಟೆಯಗಲದ ನಗ್ಗಿನಲ್ಲಿ ನಿಜವಾಗಿ ಕೆಟ್ಟಿರುವುದು ಎರಡೇ ಕಡೆ: ನಡುವಿನ ಮಡಿಕೆ, ಮತ್ತು ಅಂಚಿನಲ್ಲಿ ಅರ್ಧಚಂದ್ರದಂತೆ ಎದ್ದಿರುವ ಏಣು. ಉಳಿದ ತಗಡಿಗೆ ಏನೂ ಆಗಿಲ್ಲ. ಆ ಎರಡು ಹಿಡಿದೆಳೆದಿರುವುದರಿಂದ ತಗ್ಗಾಗಿ ಕೂತಿದೆ, ಅಷ್ಟೆ. ಕಾಯಿ ಬಿದ್ದಾಗ ಮೊದಲು ಆದದ್ದು ಮಡಿಕೆ, ಕೊನೆಗೆ ಎದ್ದದ್ದು ಅಂಚಿನ ಏಣು. ಬಿಡಿಸುವಾಗ ಲೆಕ್ಕ ತಿರುಗುಮುರುಗು. ಕೊನೆಗೆ ಆದದ್ದು ಮೊದಲು ಬಿಡಬೇಕು. ನಡುವೆಯೇ ಗುದ್ದಿದರೆ ಏಣು ಬೀಗ ಹಾಕಿದಂತೆ ಹಿಡಿದುಕೊಂಡಿರುತ್ತದೆ. ತಗಡಿಗೆ ಹೋಗಲು ಜಾಗವಿಲ್ಲದೆ ಹಿಗ್ಗುತ್ತದೆ. ಹಿಗ್ಗಿದ ತಗಡನ್ನು ಕುಗ್ಗಿಸುವುದು ನಗ್ಗು ತೆಗೆಯುವುದರ ಹತ್ತು ಪಟ್ಟು ಕೆಲಸ.

ಹಿಂಜ್ ಸುತ್ತ ಪೆನ್ಸಿಲ್ ಗುರುತು ಹಾಕಿ ಬಾನೆಟ್ ಬಿಚ್ಚಿ. ಗುರುತು ಮರೆತರೆ ಮತ್ತೆ ಕೂರಿಸುವಾಗ ಮಡ್‌ಗಾರ್ಡ್ ಪಕ್ಕದ ಸಂದು ಸರಿಹೋಗುವಷ್ಟರಲ್ಲಿ ಒಂದು ದಿನ ಹೋಗುತ್ತದೆ. ಬೇಕಾದ ಸಾಮಾನು ಇಷ್ಟು: 300ರಿಂದ 400 ಗ್ರಾಂ ತೂಕದ ಚಪ್ಪಟೆ ಮುಖದ ಟಿಂಕರಿಂಗ್ ಸುತ್ತಿಗೆ, ಕೈಯಲ್ಲಿ ಹಿಡಿಯುವಂಥ ಒಂದು ಕಿಲೋ ಆಸುಪಾಸಿನ ಡಾಲಿ (ಏಟಿಗೆ ಹಿಂದಿನಿಂದ ಆನಿಕೆ ಕೊಡುವ ಉಕ್ಕಿನ ಗಟ್ಟಿ), ಒಂದು ಮರದ ಕೊಡತಿ, ಮುಕ್ಕಾಲು ಪಾಲು ಮರಳು ತುಂಬಿ ಬಾಯಿ ಹೊಲಿದ ದಪ್ಪ ಚೀಲ. ಸುತ್ತಿಗೆಯ ಮುಖವನ್ನು 400ರ ವಾಟರ್ ಪೇಪರಿನಲ್ಲಿ ಉಜ್ಜಿ ಕನ್ನಡಿ ಮಾಡಿ. ಮೊಳೆ ಹೊಡೆದ ಸುತ್ತಿಗೆಯಾದರೆ ಅದರ ಮುಖದ ಗಾಯವೆಲ್ಲ ತಗಡಿನ ಮೇಲೆ ಅಚ್ಚಾಗುತ್ತದೆ.

ಈಗ ಬಾನೆಟ್ ಅನ್ನು ಇಬ್ಬರು ಹಿಡಿದು ನಿಲ್ಲಿಸಿ. ಒಬ್ಬರು ಅಡಿಯಿಂದ ಡಾಲಿಯನ್ನು ತಗ್ಗಿನ ಕಡೆ, ಏಣಿನ ಪಕ್ಕದಲ್ಲಿ, ಒತ್ತಿ ಹಿಡಿಯಲಿ. ಇನ್ನೊಬ್ಬರು ಮೇಲಿನಿಂದ ಏಣಿನ ಮೇಲೆ ಕೊಡತಿಯಲ್ಲಿ ಸಣ್ಣ ಸಣ್ಣ ಏಟು ಹಾಕುತ್ತ, ಅರ್ಧಚಂದ್ರದ ಎರಡೂ ತುದಿಯಿಂದ ನಡುವಿಗೆ ಬರಲಿ. ಎಷ್ಟೋ ಸಲ ಇಷ್ಟಕ್ಕೇ ತಗ್ಗಿನ ಮುಕ್ಕಾಲು ಭಾಗ ‘ಡಬ್’ ಎಂದು ತಾನೇ ಎದ್ದುಬಿಡುತ್ತದೆ. ಏಳದಿದ್ದರೆ ಇನ್ನೊಂದು ಸುತ್ತು. ಏಟಿನ ಜೋರು ಹೆಚ್ಚಿಸಬೇಡಿ, ಸಂಖ್ಯೆ ಹೆಚ್ಚಿಸಿ.

ಉಳಿಯುವುದು ಮಡಿಕೆ. ಬಾನೆಟ್ ಅನ್ನು ಮರಳು ಚೀಲದ ಮೇಲೆ ಮಗುಚಿ ಮಲಗಿಸಿ, ಗಟ್ಟಿ ಮರದ ತುಂಡೊಂದರ ತುದಿಯನ್ನು ಉಗುರಿನ ಹಾಗೆ ದುಂಡಗೆ ಕೆತ್ತಿ, ಅದನ್ನು ಮಡಿಕೆಯ ಗೆರೆಗೆ ಇಟ್ಟು ಸುತ್ತಿಗೆಯಲ್ಲಿ ತಟ್ಟಿ. ಇಲ್ಲೂ ಎರಡು ತುದಿಯಿಂದ ನಡುವಿಗೆ. ಒಳಗಿನ ಆಧಾರದ ಕಂಬಿ ಅಡ್ಡ ಬಂದ ಕಡೆ ಡಾಲಿ ತೂರುವುದಿಲ್ಲ. ಹಳೆಯ ಲೀಫ್ ಸ್ಪ್ರಿಂಗಿನ 30 ಸೆಂಟಿಮೀಟರ್ ತುಂಡನ್ನು ತುದಿ ತಿಕ್ಕಿ ನಯ ಮಾಡಿಕೊಂಡರೆ ಸಂದಿನೊಳಗೆ ತೂರಿಸಿ ಮೀಟಬಹುದು.

ಕೊನೆಯ ಹದಕ್ಕೆ ಮಾತ್ರ ಡಾಲಿಯ ನೇರ ಮೇಲೆ ಸುತ್ತಿಗೆ. ಇದನ್ನು ಕಿವಿ ಹೇಳುತ್ತದೆ. ಏಟು ಡಾಲಿಯ ಮೇಲೇ ಬಿದ್ದರೆ ‘ಟಿಣ್’ ಅನ್ನುತ್ತದೆ, ಪಕ್ಕಕ್ಕೆ ಬಿದ್ದರೆ ಮಂದವಾಗಿ ‘ಡಪ್’. ‘ಟಿಣ್’ ಏಟು ತಗಡನ್ನು ಎರಡು ಉಕ್ಕಿನ ನಡುವೆ ಹಿಂಡಿ ತೆಳುಮಾಡುತ್ತದೆ. ಆದ್ದರಿಂದ ಒಂದೇ ಜಾಗಕ್ಕೆ ಹತ್ತಾರು ಸಲ ಬೇಡ. ಹದ ನೋಡಲು ಕಣ್ಣಿಗಿಂತ ಅಂಗೈ ಮೇಲು. ತೆಳುವಾದ ಹತ್ತಿ ಬಟ್ಟೆಯನ್ನು ಅಂಗೈ ಅಡಿಗಿಟ್ಟು, ನಗ್ಗಿಲ್ಲದ ಕಡೆಯಿಂದ ನಗ್ಗಿನ ಮೇಲೆ ಹಾದು ಆಚೆಗೆ ಉದ್ದಕ್ಕೆ ಸವರಿ. ನಂತರ ಅಗಲ ಅರದಿಂದ ಒಮ್ಮೆ ಹಗುರಾಗಿ ಉಜ್ಜಿದರೆ ಎತ್ತರದ ಕಡೆ ಹೊಳೆಯುತ್ತದೆ, ತಗ್ಗು ಕಪ್ಪಾಗಿ ಉಳಿಯುತ್ತದೆ. ಅರ ತೋರಿಸುವುದಕ್ಕೆ, ಸವೆಸುವುದಕ್ಕಲ್ಲ. ತಗ್ಗು ಒಂದು ಮಿಲಿಮೀಟರಿಗೆ ಇಳಿದ ಮೇಲೆ ಸುತ್ತಿಗೆ ಕೆಳಗಿಡಿ. ಅಲ್ಲಿಂದ ಮುಂದೆ ಪಟ್ಟಿಯ, ಅಂದರೆ ತಗ್ಗು ತುಂಬುವ ಪುಟ್ಟಿಯ, ಕೆಲಸ.

ಪ್ರಶ್ನೆ: ಪ್ರೀಮಿಯರ್ ಪದ್ಮಿನಿಯ ಬಾಗಿಲಿನ ನಗ್ಗು ನಾವೇ ತೆಗೆದೆವು. ಈಗ ಅಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ‘ಟಕ್’ ಎಂದು ಹೊರಗೆ ಬರುತ್ತದೆ. ಎಷ್ಟು ಹೊಡೆದರೂ ಹೆಚ್ಚಾಗುತ್ತಿದೆ. (ಗೋಣಿಕೊಪ್ಪಲು)

ಉತ್ತರ: ಹೊಡೆಯುವುದರಿಂದಲೇ ಹೆಚ್ಚಾಗುತ್ತಿದೆ. ‘ಟಿಣ್’ ಏಟು ಅತಿಯಾಗಿ ತಗಡು ಹಿಗ್ಗಿದೆ. ಹೆಚ್ಚಾದ ತಗಡು ಒಳಗೆ ಇಲ್ಲವೇ ಹೊರಗೆ ಉಬ್ಬಲೇಬೇಕು. ಆದರೆ ಕುಗ್ಗಿಸುವ ಮೊದಲು ಸುತ್ತ ಒಂದಡಿ ಜಾಗ ಅಂಗೈಯಲ್ಲಿ ಸವರಿ ನೋಡಿ. ಬಿಡಿಸದೆ ಉಳಿದ ಏಣು ಒಂದಿದ್ದರೂ ಇದೇ ‘ಟಕ್’ ಬರುತ್ತದೆ. ಆ ಏಣನ್ನು ತಟ್ಟಿದರೆ ಸದ್ದು ನಿಂತರೆ ಬೆಂಕಿಯ ಅಗತ್ಯವೇ ಇಲ್ಲ.

ನಿಲ್ಲದಿದ್ದರೆ ಬಿಸಿಮಾಡಿ ಕುಗ್ಗಿಸಬೇಕು. ಬಾಗಿಲು ಬಿಚ್ಚಿ ಗಾಡಿಯಿಂದ ದೂರ ತನ್ನಿ. ಒಳಗಿನ ರೆಕ್ಸಿನ್, ಗಾಜಿನ ರಬ್ಬರು, ತಗಡಿಗೆ ಅಂಟಿಸಿದ ಟಾರಿನ ಹಾಳೆ, ಎಲ್ಲ ತೆಗೆಯಿರಿ. ಟಾರು ಹೊಗೆಯಾಡುತ್ತ ಒಳಗೊಳಗೇ ಹೊತ್ತಿಕೊಳ್ಳುತ್ತದೆ. ಇದೇ ಕೆಲಸ ಹಿಂದಿನ ಮಡ್‌ಗಾರ್ಡಿನಲ್ಲಾದರೆ ಪೆಟ್ರೋಲ್ ಟ್ಯಾಂಕ್ ಇಳಿಸದೆ ಜ್ವಾಲೆ ಹಚ್ಚಲೇಬೇಡಿ.

ಉಬ್ಬಿನ ತುತ್ತತುದಿ ಹುಡುಕಿ ಗುರುತು ಮಾಡಿ. ಗ್ಯಾಸ್ ವೆಲ್ಡಿಂಗಿನ ಸಣ್ಣ ನಾಜಲ್‌ನಿಂದ ಅಲ್ಲಿ ಒಂದು ಶರ್ಟ್ ಗುಂಡಿಯಷ್ಟು ಜಾಗವನ್ನು ಮಾತ್ರ ಕೆಂಪಾಗಿಸಿ. ಹಳದಿಗೆ ತಿರುಗುವ ಮೊದಲು ಜ್ವಾಲೆ ತೆಗೆಯಿರಿ. ಕೆಂಪು ಚುಕ್ಕೆ ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆ ತಗಡು ಬಿಡುವುದಿಲ್ಲ. ಹಾಗಾಗಿ ಅಲ್ಲೇ ಗುಡ್ಡೆಯಾಗಿ ದಪ್ಪಗಾಗುತ್ತದೆ. ತಕ್ಷಣ ಅಡಿಗೆ ಡಾಲಿಯನ್ನು ಹಗುರಾಗಿ ಹಿಡಿದು, ಚುಕ್ಕೆಯ ಸುತ್ತ ಮೂರು ನಾಲ್ಕು ಏಟು, ಚುಕ್ಕೆಯ ಮೇಲೆ ಒಂದೆರಡು. ಕೆಂಪು ಮಾಯವಾದ ಮೇಲೆ ಒದ್ದೆ ಬಟ್ಟೆ ಒತ್ತಿ. ತಣಿಯುವಾಗ ದಪ್ಪಗಾದ ಚುಕ್ಕೆ ಸುತ್ತಲಿನ ಹೆಚ್ಚುವರಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ಪೂರ್ತಿ ತಣಿಯುವವರೆಗೆ ಕಾದು, ಒತ್ತಿ ನೋಡಿ, ಆಮೇಲೆ ಎರಡನೆಯ ಚುಕ್ಕೆ. ಬಾಗಿಲಿಗೆ ಮೂರು ನಾಲ್ಕು ಚುಕ್ಕೆಗೆ ಸಾಮಾನ್ಯವಾಗಿ ಮುಗಿಯಬೇಕು. ಸಾಲಾಗಿ ಹತ್ತು ಚುಕ್ಕೆ ಇಟ್ಟವರು ತಗಡನ್ನು ಅತಿಯಾಗಿ ಕುಗ್ಗಿಸಿ ಬಾಗಿಲನ್ನೇ ತಿರುಚುತ್ತಾರೆ. ಹಾಗಾದರೆ ಕುಗ್ಗಿದ ಕಡೆ ‘ಟಿಣ್’ ಏಟು ನಾಲ್ಕು ಹಾಕಿ ಸಡಿಲಿಸಬಹುದು. ಆ ಏಟು ಉಪಯೋಗಕ್ಕೆ ಬರುವುದು ಇಂಥಲ್ಲಿ.

ಪ್ರಶ್ನೆ: ತೋಟದ ಹಳೆಯ ಮಹೀಂದ್ರ ಜೀಪಿನ ಮಡ್‌ಗಾರ್ಡಿಗೆ ಹೋದ ಬೇಸಿಗೆಯಲ್ಲಿ ಪಟ್ಟಿ ಹಾಕಿ ಬಣ್ಣ ಹೊಡೆಸಿದ್ದೆವು. ಕಕ್ಕಡದ (ಜುಲೈ–ಆಗಸ್ಟಿನ) ಮಳೆ ಮುಗಿಯುವಷ್ಟರಲ್ಲಿ ಗುಳ್ಳೆ ಎದ್ದು ಹಪ್ಪಳದಂತೆ ಕಳಚಿ ಬಂತು. ಪಟ್ಟಿ ಕಳಪೆಯೋ, ಕೆಲಸ ಕಳಪೆಯೋ? (ಸಿದ್ದಾಪುರ)

ಉತ್ತರ: ಕಳಚಿದ ಚೂರನ್ನು ಮಗುಚಿ ನೋಡಿ. ಹಿಂಬದಿಯಲ್ಲಿ ಕಂದು ತುಕ್ಕು ಅಂಟಿದ್ದರೆ ನೀರು ಹಿಂದಿನಿಂದ ಬಂದಿದೆ. ಹಿಂಬದಿ ಶುಭ್ರವಾಗಿ, ನುಣ್ಣಗಿದ್ದರೆ ತಗಡನ್ನು ಒರಟು ಮಾಡದೆ ಅಥವಾ ಹಳೆಯ ಬಣ್ಣದ ಮೇಲೇ ಪಟ್ಟಿ ಬಳಿದಿದ್ದಾರೆ. ಕೊಡಗಿನ ಗಾಡಿಗಳಲ್ಲಿ ಹೆಚ್ಚಾಗಿ ಮೊದಲನೆಯದು. ಮಡ್‌ಗಾರ್ಡಿನ ಒಳ ಅಂಚಿನಲ್ಲಿ ಕೆಂಪು ಮಣ್ಣು ಕೂತು ನಾಲ್ಕು ತಿಂಗಳು ಒದ್ದೆಯಾಗಿಯೇ ಇರುತ್ತದೆ. ತಗಡು ಒಳಗಿನಿಂದ ತೂತಾಗುತ್ತದೆ. ಪಟ್ಟಿಯಲ್ಲಿ ಬಹುಪಾಲು ಟಾಲ್ಕ್ ಪುಡಿ. ಅದು ನೀರು ಕುಡಿಯುತ್ತದೆ. ತೂತಿನ ಮೇಲೆ ಪಟ್ಟಿ ಮೆತ್ತುವುದೆಂದರೆ ಒಡೆದ ಕೊಡಕ್ಕೆ ಹಿಟ್ಟು ಮೆತ್ತಿದ ಹಾಗೆ.

ತುಕ್ಕು ಹಿಡಿದ ಕಡೆಯಿಂದ ಸುತ್ತ ಎರಡು ಸೆಂಟಿಮೀಟರ್ ಆಚೆಗೆ, ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆಯಿರಿ. ಅದೇ ದಪ್ಪದ ತಗಡು ತನ್ನಿ. 18 ಗೇಜ್ ಎಂದರೆ 1.2 ಮಿಲಿಮೀಟರ್, 20 ಗೇಜ್ ಎಂದರೆ 0.9. ಇರುವ ತಗಡನ್ನು ಅಳೆದೇ ಅಂಗಡಿಗೆ ಹೋಗಿ. ತೇಪೆಯನ್ನು ಮೇಲೆ ಹೊದಿಸದೆ, ಅಂಚಿಗೆ ಅಂಚು ಸೇರುವಂತೆ ಕತ್ತರಿಸಿ ಕೂರಿಸಿ. ಒಂದರ ಮೇಲೊಂದು ಬಂದರೆ ನಡುವಿನ ಸಂದು ಮತ್ತೆ ನೀರಿನ ಮನೆ. ಮಿಗ್ ವೆಲ್ಡಿಂಗ್‌ನಲ್ಲಿ ಸುಮಾರು 25 ಮಿಲಿಮೀಟರಿಗೊಂದು ಚುಕ್ಕೆ, ಒಂದು ಮೂಲೆಯಲ್ಲಿ ಹಾಕಿದರೆ ಮುಂದಿನದು ಎದುರು ಮೂಲೆಯಲ್ಲಿ. ಒಂದೇ ಸಮ ಗೆರೆ ಎಳೆದರೆ ಬಿಸಿಗೆ ತಗಡು ಅಲೆಯಲೆಯಾಗುತ್ತದೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಅರ್ತ್ ವೈರ್ ಬಿಚ್ಚಿ.

ಇನ್ನು ಪಟ್ಟಿ. ಬೆಸುಗೆ ತಿಕ್ಕಿ, ಇಡೀ ಜಾಗವನ್ನು 80ರ ಉಪ್ಪು ಕಾಗದದಲ್ಲಿ ಗೀರಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಎರಡು ಭಾಗದ ಎಪಾಕ್ಸಿ ಪ್ರೈಮರ್ ಒಂದು ಕೋಟ್ ಹೊಡೆಯಿರಿ. ಅದು ಒಣಗಿದ ಮೇಲೆ ಹಗುರಾಗಿ ಗೀರಿ ಪಟ್ಟಿ ಹಾಕಿ. ತುಕ್ಕು ತಿನ್ನುವ ಆಸಿಡ್ ದ್ರಾವಣ ಬಳಸಿದ್ದರೆ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸದೆ ಮುಂದುವರಿಯಬೇಡಿ. ಆಸಿಡ್ ಉಳಿದ ಕಡೆ ಪಟ್ಟಿ ಹಿಡಿಯುವುದಿಲ್ಲ.

ಅಳತೆ: 100 ಗ್ರಾಂ ಪಟ್ಟಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ 2 ಗ್ರಾಂ. ತಕ್ಕಡಿ ಇಲ್ಲದಿದ್ದರೆ ದೊಡ್ಡ ನಿಂಬೆಹಣ್ಣಿನಷ್ಟು ಪಟ್ಟಿಗೆ ಬಟಾಣಿಯಷ್ಟು. ಗಾಜಿನ ಮೇಲೋ ತಗಡಿನ ಮೇಲೋ ಕಲಸಿ, ರಟ್ಟಿನ ಮೇಲೆ ಬೇಡ. ರಟ್ಟು ರಾಳವನ್ನು ಹೀರುತ್ತದೆ. ಕಲಸುವುದೆಂದರೆ ಗಿರ್ರನೆ ತಿರುಗಿಸುವುದಲ್ಲ, ಒತ್ತಿ ಮಡಚುವುದು. ತಿರುಗಿಸಿದರೆ ಗಾಳಿ ಸೇರಿ ಸೂಜಿತೂತು ಬೀಳುತ್ತದೆ. ಬಣ್ಣದ ಎಳೆ ಒಂದೂ ಕಾಣಬಾರದು. ಕೈಯಲ್ಲಿ ಐದಾರು ನಿಮಿಷವಿದೆ ಎಂದುಕೊಳ್ಳಿ. ಮಡಿಕೇರಿಯ ಚಳಿಯಲ್ಲಿ ಬೇಗ ಬಿಗಿಯಲಿ ಎಂದು ಹಾರ್ಡನರ್ ಹೆಚ್ಚು ಸುರಿಯುವುದು ನಮ್ಮವರ ದೊಡ್ಡ ತಪ್ಪು. ಹೆಚ್ಚಾದ ಹಾರ್ಡನರ್ ಮೇಲಿನ ಬಣ್ಣಕ್ಕೆ ಏರಿ ಕಲೆ ಮಾಡುತ್ತದೆ. ಬದಲಿಗೆ ತಗಡನ್ನು ಬೆಚ್ಚಗೆ ಮಾಡಿ. ಅಡಿಯಲ್ಲಿ ಒಂದು ಹಳೆಯ 100 ವಾಟ್ ಬಲ್ಬ್ ಅರ್ಧ ಗಂಟೆ ಉರಿದರೆ ಸಾಕು.

ಒಮ್ಮೆಗೇ ಮೆತ್ತದೆ ತೆಳುವಾಗಿ ಎರಡು ಮೂರು ಸಲ ಎಳೆಯಿರಿ. ಉಜ್ಜಿ ಮುಗಿಸಿದಾಗ ಎಲ್ಲೂ 3 ಮಿಲಿಮೀಟರ್ ಮೀರಬಾರದು. ಮೀರುತ್ತದೆಂದರೆ ಸುತ್ತಿಗೆ ಕೆಲಸ ಇನ್ನೂ ಬಾಕಿ ಇದೆ. ಉಜ್ಜುವಾಗ ಬೆರಳಿನಿಂದ ಒತ್ತದೆ, ಗೇಣುದ್ದದ ಸಮತಟ್ಟಾದ ಮರದ ತುಂಡಿಗೆ ಕಾಗದ ಸುತ್ತಿ ಓರೆಓರೆಯಾಗಿ ಉಜ್ಜಿ. ಮೊದಲು 80, ಆಮೇಲೆ 180. ಪಟ್ಟಿಗೆ ನೀರು ಹಾಕಿ ಉಜ್ಜುವ ಅಭ್ಯಾಸ ಬಹಳ ಕಡೆ ಇದೆ, ಬೇಡ. ಕುಡಿದ ನೀರು ಪ್ರೈಮರ್ ಅಡಿಯಲ್ಲಿ ಸಿಕ್ಕಿಬಿದ್ದು ಮುಂದಿನ ಬಿಸಿಲಿಗೆ ಗುಳ್ಳೆಯಾಗುತ್ತದೆ. ನೀರು ಹಾಕುವುದಿದ್ದರೆ ಪ್ರೈಮರ್ ಮುಚ್ಚಿದ ಮೇಲೆ, 600ರ ವಾಟರ್ ಪೇಪರಿನಲ್ಲಿ. ಪ್ರೈಮರ್ ಮೇಲೆ ಕಪ್ಪು ಸ್ಪ್ರೇ ಮಂಜಿನ ಹಾಗೆ ತೆಳುವಾಗಿ ಹಾರಿಸಿ ಉಜ್ಜಿದರೆ ತಗ್ಗುಗಳಲ್ಲಿ ಕಪ್ಪು ಉಳಿದು ಸುಳ್ಳು ಹೇಳದೆ ತೋರಿಸುತ್ತದೆ.

ಕೊನೆಯದಾಗಿ, ಯಾರೂ ನೋಡದ ಹಿಂಬದಿ. ಬೆಸುಗೆಯ ಗೆರೆಗೆ ಒಳಗಿನಿಂದ ಎಪಾಕ್ಸಿ, ಅದರ ಮೇಲೆ ಸಂದು ಮುಚ್ಚುವ ಸೀಮ್ ಸೀಲರ್, ಅದರ ಮೇಲೆ ಅಂಡರ್‌ಕೋಟ್. ನೀರು ಹರಿಯುವ ತೂತು ಮುಚ್ಚಿಹೋಗದಂತೆ ನೋಡಿಕೊಳ್ಳಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಆ ಅಂಚಿನ ಮಣ್ಣನ್ನು ಪೈಪಿನಲ್ಲಿ ತೊಳೆಯಿರಿ. ಹೊರಗಿನ ಪಾಲಿಶ್‌ಗಿಂತ ಇದು ಮುಖ್ಯ.

ಪ್ರಶ್ನೆ: ಹಳೆಯ ಸೀರೀಸ್ ಲ್ಯಾಂಡ್ ರೋವರ್‌ನ ಮಡ್‌ಗಾರ್ಡ್ ಕಲ್ಲಿಗೆ ತಾಗಿ ನಗ್ಗಿದೆ. ಆಯಸ್ಕಾಂತ ಅಂಟುವುದಿಲ್ಲ. (ಸುಂಟಿಕೊಪ್ಪ)

ಉತ್ತರ: ಅದು ಅಲ್ಯೂಮಿನಿಯಂ, ಬರ್ಮಾಬ್ರೈಟ್ ಎಂಬ ಮೆಗ್ನೀಸಿಯಂ ಬೆರೆತ ಮಿಶ್ರಲೋಹ. ಏಟು ಬಿದ್ದಂತೆಲ್ಲ ಗಡುಸಾಗಿ ಕೊನೆಗೆ ಸೀಳುತ್ತದೆ. ಆದ್ದರಿಂದ ಮೊದಲು ಮೆದುಮಾಡಬೇಕು. ಕಷ್ಟವೇನೆಂದರೆ ಉಕ್ಕಿನ ಹಾಗೆ ಇದು ಕೆಂಪಾಗಿ ಎಚ್ಚರಿಸುವುದಿಲ್ಲ, ಬೆಳ್ಳಗೇ ಇದ್ದು ಒಮ್ಮೆಲೇ ಕರಗಿ ಬೀಳುತ್ತದೆ. ಬಣ್ಣ ತೆಗೆದು, ಒಣ ಸೋಪಿನ ಬಿಲ್ಲೆಯಿಂದ ತಗಡಿನ ಮೇಲೆ ಗೆರೆ ಎಳೆಯಿರಿ. ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಹಿಂಬದಿಯಿಂದ ಆಡಿಸುತ್ತ ಬಿಸಿಮಾಡಿ. ಸೋಪಿನ ಗೆರೆ ಕಂದಾಗಿ ಕಪ್ಪಿಗೆ ತಿರುಗಿದ ಕ್ಷಣ ನಿಲ್ಲಿಸಿ. ತಣಿದ ಮೇಲೆ ತಗಡು ಮೆತ್ತಗಾಗಿರುತ್ತದೆ. ಮರದ ಕೊಡತಿ, ಮರಳು ಚೀಲ ಇಷ್ಟರಲ್ಲೇ ಕೆಲಸ ಮಾಡಿ. ಮತ್ತೆ ಗಡುಸಾದರೆ ಮತ್ತೆ ಸೋಪು. ಉಕ್ಕಿನ ಮೇಲೆ ಬಳಸಿದ ಅರ, ವೈರ್ ಬ್ರಷ್ ಇದಕ್ಕೆ ತಾಗಿಸಬೇಡಿ. ಸಿಕ್ಕಿಕೊಂಡ ಉಕ್ಕಿನ ಚೂರು ತೇವದಲ್ಲಿ ಅಲ್ಯೂಮಿನಿಯಂ ಅನ್ನು ಬಿಳಿ ಪುಡಿಯಾಗಿಸುತ್ತದೆ.

ಪ್ರಶ್ನೆ: ಬಿಸಿನೀರು ಸುರಿದು ಟಾಯ್ಲೆಟ್ ಪಂಪಿನಲ್ಲಿ ಎಳೆದರೆ ನಗ್ಗು ಹೋಗುತ್ತದಂತೆ, ನಿಜವೇ? (ಕುಶಾಲನಗರ)

ಉತ್ತರ: ಪ್ಲಾಸ್ಟಿಕ್ ಬಂಪರಿಗೆ ನಿಜ. ಹಳೆಯ ಗಾಡಿಯ ದಪ್ಪ ತಗಡಿಗೆ ಬಿಸಿನೀರಿನಿಂದ ಏನೂ ಆಗದು. ಮಡಿಕೆಯಿಲ್ಲದ, ಅಗಲವಾದ ಆಳವಿಲ್ಲದ ತಗ್ಗಾದರೆ ಪಂಪು ಒಮ್ಮೊಮ್ಮೆ ಎಳೆಯುತ್ತದೆ.

ಪ್ರಶ್ನೆ: ಮನೆಯಲ್ಲೇ ಬಣ್ಣ ಹೊಡೆಯಲು ಯಾವ ತಿಂಗಳು ಒಳ್ಳೆಯದು? (ಸೋಮವಾರಪೇಟೆ)

ಉತ್ತರ: ಹುತ್ತರಿ (ನವೆಂಬರ್–ಡಿಸೆಂಬರಿನ ಸುಗ್ಗಿ ಹಬ್ಬ) ಕಳೆದ ಮೇಲೆ, ಕಾಫಿ ಹೂ ಅರಳಿಸುವ ಮಾರ್ಚ್ ಸುಮಾರಿನ ಹೂಮಳೆಗೆ ಮೊದಲು. ಅದರಲ್ಲೂ ಇಬ್ಬನಿ ಆರಿದ ಮೇಲೆ, ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರೊಳಗೆ. ಗಾಳಿಯಲ್ಲಿ ತೇವವಿದ್ದಾಗ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಹೊಡೆದರೆ ಥಿನ್ನರ್ ಆರುತ್ತ ಮೇಲ್ಮೈಯನ್ನು ತಂಪಾಗಿಸಿ ತೇವವನ್ನು ಅದರ ಮೇಲೆ ಇಳಿಸುತ್ತದೆ. ಬಣ್ಣ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಹಾಗಾದರೆ ಗಾಬರಿಯಾಗದೆ, ಒಣ ದಿನವೊಂದರಲ್ಲಿ ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರ್ ಬೆರೆಸಿ ತೆಳು ಕೋಟ್ ಹಾಯಿಸಿ, ಬಿಳುಪು ಹೋಗುತ್ತದೆ. ಹಾರ್ಡನರ್ ಬೆರೆಸುವ 2ಕೆ ಬಣ್ಣವನ್ನು ಮನೆಯಲ್ಲಿ ಸ್ಪ್ರೇ ಮಾಡಬೇಡಿ. ಅದರಲ್ಲಿನ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆಯ ಮಾಸ್ಕ್ ಅದನ್ನು ತಡೆಯದು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಅದನ್ನು ಒಣಗಾಗಿ ಗ್ರೈಂಡ್ ಮಾಡದೆ ಪೇಂಟ್ ರಿಮೂವರ್ ಹಚ್ಚಿ ಕೆರೆದು ತೆಗೆಯಿರಿ.

ಇನ್ನೊಂದು: ಅದೇ ತಿಂಗಳಲ್ಲಿ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಕಾಫಿ ಬೀಜ ವಾಸನೆಯನ್ನು ಬೇಗ ಹಿಡಿಯುತ್ತದೆ. ಸ್ಪ್ರೇ ಗನ್ ಎತ್ತುವ ಮೊದಲು ಗಾಳಿ ಯಾವ ಕಡೆಗಿದೆ ನೋಡಿಕೊಳ್ಳಿ.